ಟ್ರ್ಯಾಕ್ಟರಿನ ಹಗ್ಗ

ಕಳಸಾಪುರದ ನಮ್ಮ ಮನೆಯ ಮಗ್ಗುಲಿಗೆ ಒಂದು ತಗಡಿನ ಶೆಡ್ಡು ಇದೆ. ಮೂರು ಕಡೆ ಗೋಡೆ, ಮುಂದಿನ ಕಡೆ ಬಯಲು. ಎತ್ತುಗಳಿದ್ದಾಗ ಅದು ಕೊಟ್ಟಿಗೆಯಾಗಿತ್ತು. ಎತ್ತು ಹೋದ ಮೇಲೆ ನಮ್ಮ ಮನೆಯವರು ಅಲ್ಲಿ ಒಂದು ಸಣ್ಣ ಟ್ರ್ಯಾಕ್ಟರ್ ತಂದು ನಿಲ್ಲಿಸಿದರು. ಮೆಣಸಿನಗಿಡದ ಸಾಲುಗಳ ನಡುವೆ ಎಡೆ ಹೊಡೆದು ಕಳೆ ತೆಗೆಯಲಿಕ್ಕೆಂದು ಯಾರದೋ ಹಳೆಯದನ್ನು ಕೊಂಡದ್ದು. ಒಂದೆರಡು ಹಂಗಾಮು ಓಡಿತು, ಆಮೇಲೆ ಕೆಟ್ಟು ಕೂತಿತು. ಕೂತದ್ದು ಕೂತೇಬಿಟ್ಟಿತು. ಅದರ ಸೀಟಿನ ಮೇಲೆ ಬೆಕ್ಕು ಮರಿ ಹಾಕಿದರೂ ಇವರಿಗೆ ಅದನ್ನು ಮಾರುವ ಮನಸ್ಸು ಬರಲಿಲ್ಲ.

ನನಗೆ ಆ ಶೆಡ್ಡು ಬೇಕಾಗಿತ್ತು. ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಸೇರಿ ಬೆಟಗೇರಿಯ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತೇವೆ. ಖಾನಾವಳಿ ನಡೆಸುವಾಕೆ ಬಾಯಿ ಜೋರು, ಆದರೆ ನಾಲಿಗೆಯ ರುಚಿ ಗೊತ್ತಿದ್ದವಳು. ನಮ್ಮ ರೊಟ್ಟಿ ಹಿಡಿಸಿತು, ಹೆಚ್ಚು ಬೇಕು ಎಂದಳು. ಹೆಚ್ಚು ಎಂದರೆ ದೊಡ್ಡ ಒಲೆ, ಹತ್ತಿ ಕಟ್ಟಿಗೆಯ ಉರಿ, ಮನೆ ತುಂಬ ಹೊಗೆ. ನಮ್ಮ ಅತ್ತೆಗೆ ದಮ್ಮಿನ ಕಾಯಿಲೆ. ಇದ್ದ ಸಣ್ಣ ಒಲೆಯ ಹೊಗೆಗೇ ಅವರು ಪಡಸಾಲೆಯಲ್ಲಿ ಕೂತು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಹಾಕುತ್ತಿದ್ದರು. ಒಳಗೆ ಒಲೆ ಹೆಚ್ಚಿಸಿದರೆ ಅತ್ತೆಯ ಎದೆ ಹೋಗುತ್ತದೆ, ಹೆಚ್ಚಿಸದಿದ್ದರೆ ನನ್ನ ಕೆಲಸ ಹೋಗುತ್ತದೆ. ಶೆಡ್ಡು ಖಾಲಿಯಾದರೆ ಎರಡೂ ಉಳಿಯುತ್ತವೆ. ಇಷ್ಟು ಸಣ್ಣ ಲೆಕ್ಕ ನಮ್ಮ ಮನೆಯವರ ತಲೆಗೆ ಇಳಿಯಲಿಲ್ಲವೆಂದರೆ ನಾನು ಯಾರ ಮುಂದೆ ಹೇಳಿಕೊಳ್ಳಲಿ?

ಇಳಿಯಲಿಲ್ಲ ಎನ್ನುವುದೂ ತಪ್ಪೇ. "ಆತು, ಮಾರೂಣು" ಎಂದರು. ಆ ಮಾತಿಗೆ ನಾನು ಖುಷಿಪಟ್ಟದ್ದೇ ಬಂತು. ಅದರ ಹಿಂದೆಯೇ ಇನ್ನೊಂದು ಮಾತು ಬಂತು: "ಕೆಟ್ಟದ್ದನ್ನ ಹೆಂಗ ಮಾರೂದು? ಮೊದಲ ರಿಪೇರಿ ಮಾಡತೀನಿ."

ಅವರು ಮೆಕ್ಯಾನಿಕ್ ಅಲ್ಲ. ಆದರೆ ಊರಿನ ಯಾವ ಎಂಜಿನ್ ಬಿಚ್ಚಿದರೂ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡಿದವರು. ನೋಡಿದ್ದೇ ವಿದ್ಯೆ ಎಂದುಕೊಂಡು ಎಲ್ಲವನ್ನೂ ಬಿಚ್ಚಿ ಶೆಡ್ಡಿನ ತುಂಬ ಹರವಿದರು. ಮೊದಲು ಟ್ರ್ಯಾಕ್ಟರ್ ನಿಂತಷ್ಟು ಜಾಗ ಮಾತ್ರ ಹೋಗಿತ್ತು, ಈಗ ಕಾಲಿಡಲಿಕ್ಕೂ ಜಾಗ ಇಲ್ಲ. ಒಂದು ಸಾಮಾನಿಗೆ ಗದಗಕ್ಕೆ ಹೋಗುವುದು, ಅಲ್ಲಿ ಸಿಗದೆ ಲಕ್ಷ್ಮೇಶ್ವರದ ಹಳೆ ಸಾಮಾನಿನ ಅಂಗಡಿಗೆ ಹೋಗುವುದು, ಅಲ್ಲಿಂದ ತಂದದ್ದು ಕೂಡದೆ ಮತ್ತೆ ಹೋಗುವುದು. ಸುಗ್ಗಿ ಮುಗಿಯಿತು, ಯುಗಾದಿ ಮುಗಿಯಿತು, ಬಿಸಿಲು ಹತ್ತಿತು. ಒಂದು ಮುಂಜಾನೆ ಹಿಟ್ಟು ನಾದಲಿಕ್ಕೆ ನನ್ನ ಪರಾತ ಹುಡುಕಿದರೆ ಇಲ್ಲ. ಶೆಡ್ಡಿಗೆ ಹೋಗಿ ನೋಡುತ್ತೇನೆ, ನನ್ನ ಪರಾತದಲ್ಲಿ ಡೀಸೆಲ್ ಹಾಕಿ ನಟ್ಟು ಬೋಲ್ಟು ತೊಳೆಯುತ್ತಿದ್ದಾರೆ!

"ಏನ್ರೀ ಇದು! ಮಂದಿ ಉಣ್ಣೂ ರೊಟ್ಟಿ ಹಿಟ್ಟ ನಾದೂ ಪರಾತ ಇದು!"

"ಬೂದಿ ಹಚ್ಚಿ ತಿಕ್ಕಿದ್ರ ಹೋಗತೈತಿ ಬಿಡು," ಎಂದರು, ತಲೆ ಸಹ ಎತ್ತದೆ.

ಹೋಗಲಿಲ್ಲ. ಬೂದಿ ಹಚ್ಚಿದೆ, ಹುಣಸೆಹಣ್ಣು ಹಚ್ಚಿದೆ, ಬಿಸಿಲಿಗೆ ಒಣಹಾಕಿದೆ. ವಾಸನೆ ಹಾಗೇ ಉಳಿಯಿತು. ಹೊಸ ಪರಾತ ತಂದೆ. ಆ ದಿನ ನಾನು ಬೈದ ಬೈಗುಳ ಇಲ್ಲಿ ಬರೆಯುವಂಥವಲ್ಲ, ಆದರೆ ಒಂದನ್ನೂ ನಾನು ವಾಪಸು ತೆಗೆದುಕೊಂಡಿಲ್ಲ.

ಅಂತೂ ಮುಂಗಾರಿನ ಮಿರಗದ ಮಳೆಗೆ ಮುಂಚೆ ಟ್ರ್ಯಾಕ್ಟರ್ ಚಾಲೂ ಆಯಿತು. ಡುಗುಡುಗು ಎಂದು ಹೊಗೆ ಕಾರಿದಾಗ ಇವರ ಮುಖ ನೋಡಬೇಕಿತ್ತು. ಊರೆಲ್ಲ ಒಂದು ಸುತ್ತು ಹೊಡೆದು ಬಂದರು. ಕೆಂಪು ಬಣ್ಣ ಬಳಿದರು. ಖಾನಾವಳಿಯಾಕೆ ಅಷ್ಟೊತ್ತಿಗೆ ನನಗೆ ಖಡಾಖಂಡಿತ ಹೇಳಿಬಿಟ್ಟಿದ್ದಳು: "ನೋಡವ್ವಾ, ಬರೂ ಸೋಮವಾರದಿಂದ ಕೊಡತೀನಿ ಅಂದ್ರ ಕೊಡು. ಇಲ್ಲಾಂದ್ರ ಲಕ್ಷ್ಮೇಶ್ವರದವರು ಕೇಳಾಕತ್ತಾರ, ಅವರಿಗೆ ಹೂಂ ಅಂತೀನಿ. ನನಗೂ ಮಂದಿಗೆ ಊಟಕ್ಕ ಹಾಕೂದೈತಿ."

ಆ ವಾರವೇ ಶಿರಹಟ್ಟಿ ಕಡೆಯ ಒಬ್ಬ ಗಿರಾಕಿ ಬಂದ. ದೊಡ್ಡ ರುಮಾಲು, ಮೆಲು ಮಾತು, ಒಳ್ಳೆಯ ಮನುಷ್ಯ. ಟ್ರ್ಯಾಕ್ಟರ್ ಹತ್ತಿ ನೋಡಿದ, ಓಡಿಸಿ ನೋಡಿದ, ಒಪ್ಪಿದ. ಶುಕ್ರವಾರ ಲಕ್ಷ್ಮಿಯ ವಾರ, ಕೊಡಬಾರದು ಎಂದು ಇವರು ಶನಿವಾರ ಮುಂಜಾನೆ ಬರಲಿಕ್ಕೆ ಹೇಳಿದರು. ಶನಿವಾರ ಬಂದ, ಚಹಾ ಕುಡಿದ, ಹಣ ಕೊಟ್ಟ. ತೆಂಗಿನಕಾಯಿ ಒಡೆದದ್ದೂ ಆಯಿತು. ಇನ್ನೇನು ಶೆಡ್ಡು ನನ್ನದಾಯಿತು ಎಂದು ನಾನು ಕಸಬರಿಗೆ ಹಿಡಿದು ನಿಂತಿದ್ದೇನೆ, ಪಡಸಾಲೆಯಿಂದ ಅತ್ತೆ ಬಾಯಿ ಬಿಟ್ಟರು.

"ತಮ್ಮಾ, ಎಲ್ಲಾ ಕೊಟ್ಟ ಕಳಸಾಕತ್ತೀಯಲ್ಲ, ಹಗ್ಗ ಇಟಗೊಂಡಿಯೇನು?"

ನಮ್ಮ ಕಡೆ ಎತ್ತು ಮಾರಿದರೆ ಹಗ್ಗ ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು, ನಮ್ಮ ಹಗ್ಗ ನಮ್ಮ ಗೂಟದಲ್ಲೇ ಉಳಿಯಬೇಕು. ಹಗ್ಗ ಹೋದರೆ ಮನೆಯ ಲಕ್ಷ್ಮಿಯೂ ಹಿಂದೆಯೇ ಹೋಗುತ್ತಾಳೆ ಎಂಬುದು ನಂಬಿಕೆ. ಎತ್ತಿಗೆ ಸರಿ. ಟ್ರ್ಯಾಕ್ಟರಿಗೆ ಎಲ್ಲಿಯ ಹಗ್ಗ? ನಾನು ಹಾಗೇ ಕೇಳಿದೆ. "ಅತ್ತಿ, ಕಬ್ಬಿಣಕ್ಕ ಯಾವ ಹಗ್ಗಾರೀ?"

"ಹಂಗಲ್ಲವ್ವಾ. ಎತ್ತಿನ ಜಾಗಾದಾಗ ನಿಂತು ಎತ್ತಿನ ಕೆಲಸ ಮಾಡೇತಿ. ಬರೇ ಕೈಲೆ ಕುಂಡ್ರಬಾರದು."

ಗಿರಾಕಿಯಾದರೂ ನಕ್ಕು ತಳ್ಳಿಹಾಕುತ್ತಾನೆ ಎಂದುಕೊಂಡೆ. ಅವನು ರುಮಾಲು ಸರಿಮಾಡಿಕೊಂಡು, "ಅವ್ವಾರು ಹೇಳೂದು ಖರೆ ಐತ್ರೀ. ನಿಮ್ಮ ಹಗ್ಗ ನಮಗ ಬ್ಯಾಡ," ಎಂದ!

ಅಲ್ಲಿಗೆ ಶುರುವಾಯಿತು ನೋಡಿ. ಟ್ರ್ಯಾಕ್ಟರಿನ ಹಗ್ಗ ಯಾವುದು? ಇವರು ಒಂದು ಹೇಳುವುದು, ಅವನು ಒಂದು ಹೇಳುವುದು. ಕೀಲಿಕೈ ಇಟ್ಟುಕೊಂಡರೆ ಅವನು ಓಡಿಸುವುದು ಹೇಗೆ? ಹಿಂದಿನ ಪಿನ್ನು ಇಟ್ಟುಕೊಂಡರೆ ಅವನು ನೇಗಿಲು ಸಿಗಿಸುವುದು ಹೇಗೆ? ಹಾರ್ನ್ ಇತ್ತು, ಆದರೆ ಅದು ಇವರೇ ಮೊನ್ನೆ ಹೊಸದಾಗಿ ಹಾಕಿಸಿದ್ದು, ಹಳೆಯ ವಸ್ತುವೇ ಆಗಬೇಕಂತೆ. ಬಿಸಿಲು ಅಂಗಳಕ್ಕೆ ಇಳಿಯಿತು. ನಾನು ಕಸಬರಿಗೆ ಹಿಡಿದು ನಿಂತವಳು ನಿಂತೇ ಇದ್ದೆ. ಪಿತ್ತ ನೆತ್ತಿಗೇರಿತ್ತು. "ಏನರ ಒಂದು ಇಟಗೊಂಡು ಮೊದಲ ಹೊರಗ ಹಾಕ್ರೀ ಅದನ್ನ!" ಎಂದು ಒದರಿದೆ.

ನಾನು ಒದರಿದ್ದಕ್ಕೆ ಜಲ್ದಿ ತೀರ್ಮಾನವಾಯಿತು. ರೇಡಿಯೇಟರ್ ಮುಚ್ಚಳ. ಎಂಜಿನ್ ತಂಪಾಗಿರಲಿ ಎಂದು ಮುಂದೆ ನೀರು ಹಾಕುತ್ತಾರಲ್ಲ, ಅದರ ಬಾಯಿಯ ಮುಚ್ಚಳ. ಸಣ್ಣದು, ಹಳೆಯದು, ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದು. "ಗದಗದಾಗ ಹೊಸಾದು ಹಾಕಸಗೋತೀನ್ರಿ, ಎಷ್ಟರ ದಾರಿ?" ಎಂದ ಗಿರಾಕಿ. ಇವರು ಮುಚ್ಚಳ ಬಿಚ್ಚಿ ದೇವರ ಮಾಡದಲ್ಲಿಟ್ಟರು. ಆ ಬಾಯಿಗೆ ಒಂದು ಅರಿವೆ ತುರುಕಿ, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿದರು. ಅತ್ತೆ ಸಮಾಧಾನದಿಂದ ಎಲೆ ಅಡಿಕೆ ಹಾಕಿಕೊಂಡರು. ಟ್ರ್ಯಾಕ್ಟರ್ ಡುಗುಡುಗು ಎನ್ನುತ್ತ ಓಣಿ ತಿರುಗಿ ಹೋಯಿತು.

ಆ ಮಧ್ಯಾಹ್ನದಂಥ ಮಧ್ಯಾಹ್ನ ನನಗೆ ಎಷ್ಟೋ ವರ್ಷದಿಂದ ಸಿಕ್ಕಿರಲಿಲ್ಲ. ನೆಗೆಣ್ಣಿ ಬಂದಳು. ಇಬ್ಬರೂ ಸೀರೆ ಎತ್ತಿ ಕಟ್ಟಿ ಶೆಡ್ಡು ಗುಡಿಸಿದೆವು, ಎಣ್ಣೆ ಕುಡಿದ ಮಣ್ಣು ಕೆರೆದು ಹಾಕಿದೆವು, ಸಗಣಿ ಸಾರಿಸಿದೆವು. ಕೆಮ್ಮಣ್ಣಿಗೆ ಹೊಟ್ಟು ಬೆರೆಸಿ, ತುಳಿದು ತುಳಿದು ಹದ ಮಾಡಿ, ಒಳಗೋಡೆಗೆ ಹೊಂದಿಸಿ ಉದ್ದಕ್ಕೆ ದೊಡ್ಡ ಒಲೆ ಹಾಕಿದೆವು, ಎರಡು ಹಂಚು ಕೂಡುವಂಥದ್ದು. ಅಂಚು ಸವರಿ ಕೈ ತೊಳೆದುಕೊಂಡು, ದೂರ ಸರಿದು ನಿಂತು ಮತ್ತೆ ಮತ್ತೆ ನೋಡಿದೆವು, ಅಷ್ಟು ಚೆಂದ ಬಂದಿತ್ತು. ಇನ್ನೇನು ಯೋಚನೆ? ಸೀರೆ ಬದಲಾಯಿಸಿ ಟಂಟಂ ಹತ್ತಿ ಬೆಟಗೇರಿಗೆ ಹೋದೆ. ಖಾನಾವಳಿಯಾಕೆಯ ಮುಂದೆ ನಿಂತು, "ಸೋಮವಾರದಿಂದ ರೊಟ್ಟಿ ಬರ್ತಾವ್ರಿ ಅಕ್ಕಾರ, ಯಾರಿಗೂ ಹೂಂ ಅನಬ್ಯಾಡ್ರಿ," ಎಂದು ಮಾತು ಕೊಟ್ಟೆ. ಆಕೆ ನನ್ನ ಮುಂದೆಯೇ ಲಕ್ಷ್ಮೇಶ್ವರಕ್ಕೆ ಫೋನ್ ಮಾಡಿ ಬೇಡವೆಂದಳು.

ಊರಿಗೆ ಮರಳುವಾಗ ಮೋಡ ಕವಿದು ಹನಿ ಶುರುವಾಗಿತ್ತು. ಓಣಿಯ ಬಾಯಲ್ಲೇ ಜನ ಕಂಡರು. ನಮ್ಮ ಅಂಗಳದಲ್ಲಿ ಇನ್ಯಾರದೋ ದೊಡ್ಡ ಟ್ರ್ಯಾಕ್ಟರ್ ನಿಂತಿತ್ತು, ಅದರ ಹಿಂದೆ ಒಂದು ಸರಪಳಿ ಬಿದ್ದಿತ್ತು. ಗಿರಾಕಿ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ನಮ್ಮ ಕಟ್ಟೆಯ ಮೇಲೆ ಕೂತಿದ್ದ. ಗದಗದಲ್ಲಿ ಆ ಅಳತೆಯ ಮುಚ್ಚಳ ಸಿಗಲಿಲ್ಲವಂತೆ. ಊರಿಗೆ ಹೋಗಿ ನೋಡಿದರಾಯಿತು ಎಂದು ಹಾಗೇ ಮುಂದೆ ಹೊಡೆದನಂತೆ. ದಾರಿಯಲ್ಲಿ ನೀರು ಕುದ್ದು, ಅರಿವೆ ಹಾರಿ, ನೀರೆಲ್ಲ ಚೆಲ್ಲಿ, ಎಂಜಿನ್ ಜಾಮ್ ಆಗಿ ನಿಂತಿತಂತೆ. "ಇದು ನನಗ ಬ್ಯಾಡ್ರಿ," ಎಂದು ಹೊಳ್ಳಿ ಎಳೆಸಿಕೊಂಡು ಬಂದಿದ್ದ. ಇವರು ಅವನ ಹಣ ವಾಪಸು ಕೊಟ್ಟಿದ್ದರು. ಅದು ಸರಿಯೇ, ಅದಕ್ಕೆ ನನ್ನ ತಕರಾರಿಲ್ಲ.

ಆದರೆ ಟ್ರ್ಯಾಕ್ಟರ್ ಎಲ್ಲಿ?

ನಾನು ಶೆಡ್ಡಿನ ಕಡೆ ನೋಡಿದೆ. ಊರ ಗಂಡಸರೆಲ್ಲ ಸೇರಿ ಅದನ್ನು ಹಿಂದುಮುಂದಾಗಿ ಒಳಗೆ ತಳ್ಳಿದ್ದರು. ಎಂದಿನ ಜಾಗದಲ್ಲೇ, ಗೋಡೆಗೆ ಹತ್ತಿ ನಿಂತಿತ್ತು. ಹಿಂದಿನ ದೊಡ್ಡ ಗಾಲಿ ನನ್ನ ಹಸಿ ಒಲೆಯ ಮೇಲೆ ಕೂತಿತ್ತು. ಕೆಮ್ಮಣ್ಣು ಎರಡೂ ಕಡೆ ಒಡೆದು ಹರಡಿತ್ತು, ಟೈರಿನ ಅಚ್ಚು ಅದರ ಮೇಲೆ ಚೊಕ್ಕವಾಗಿ ಮೂಡಿತ್ತು. ನನಗೆ ಅಳು ಬಂತು. ಸಿಟ್ಟಿಗೆ ಬಂದ ಅಳು ಅದು. ಕಣ್ಣೊರೆಸಿಕೊಳ್ಳಲಿಲ್ಲ.

"ಒಲಿ ಕಾಣಲಿಲ್ಲೇನ್ರೀ ನಿಮಗ?"

"ಮಳಿ ಬಂತಲ್ಲ, ಹೊರಗ ಹೆಂಗ ಬಿಡೂದು? ಹೊಸಾ ಬಣ್ಣ ಐತಿ," ಎಂದರು ಇವರು. ಆಮೇಲೆ ಸಣ್ಣ ದನಿಯಲ್ಲಿ, "ಒಲಿ ಮತ್ತ ಹಾಕಬಹುದು. ಎಂಜಿನ್ ಬಿಚ್ಚಿ ನೋಡಬೇಕು. ಶ್ರಾವಣದೊಳಗ ರಿಪೇರಿ ಮಾಡಿ ಮಾರತೀನಿ."

ಅತ್ತೆ ಪಡಸಾಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು.

"ಹೊರಗ ತಗೀರಿ," ಎಂದೆ.

"ತುಕ್ಕು ಹಿಡೀತೈತಿ."

"ಹಿಡೀಲಿ. ಇನ್ನ ಮ್ಯಾಲ ಇದು ನನ್ನ ಅಡಿಗಿಮನಿ. ತಗೀರಿ ಹೊರಗ!"

ನನ್ನ ದನಿಗೆ ಓಣಿಯವರೇ ಬೆಚ್ಚಿದರು. ಒಳಗೆ ತಳ್ಳಿದವರೇ ಹೊರಗೆ ತಳ್ಳಿದರು. ಗಾಲಿಗೆ ಮೆತ್ತಿಕೊಂಡು ಒಲೆಯ ಅರ್ಧ ಮಣ್ಣೂ ಹೋಯಿತು. ನೆಗೆಣ್ಣಿಯನ್ನು ಕರೆದೆ. ಉಳಿದ ಮಣ್ಣು ಕೂಡಿಸಿ, ಹೊಸ ಮಣ್ಣು ಕಲಸಿ, ಮತ್ತೆ ಮೊದಲಿನಿಂದ ಒಲೆ ಕಟ್ಟಲಿಕ್ಕೆ ಕೂತೆವು. ಅಷ್ಟೊತ್ತಿಗೆ ಮಳೆ ಜೋರಾಯಿತು. ಶೆಡ್ಡಿನ ಮುಂದಿನ ಬಯಲು ಕಡೆಯಿಂದ ಎರಚಲು ಹೊಡೆದು ಹಸಿ ಮಣ್ಣು ಇಳಿಯತೊಡಗಿತು. ಕೈಯಿಂದ ಒತ್ತಿ ಹಿಡಿದುಕೊಂಡು, "ತಾಡಪತ್ರಿ ತರ್ರಿ, ಜಲ್ದಿ!" ಎಂದು ಕೂಗಿದೆ.

ಇವರು ಒಳಗೆ ಓಡಿದರು. ತಾಡಪತ್ರಿಯ ದೊಡ್ಡ ಹೊದಿಕೆ ಹೊತ್ತುಕೊಂಡು ಮಳೆಯಲ್ಲಿ ಓಡುತ್ತಲೇ ಬಂದರು. ಅಷ್ಟು ಚುರುಕಾಗಿ ಅವರು ನನ್ನ ಮಾತು ಕೇಳಿದ್ದು ಅದೇ ಮೊದಲು. ಕಟ್ಟಲಿಕ್ಕೆ ಅನುಕೂಲವಾಗಲಿ ಎಂದು ನಾನು ಸ್ವಲ್ಪ ಸರಿದು ಜಾಗ ಕೊಟ್ಟೆ. ಅವರು ನಮ್ಮನ್ನು ದಾಟಿಕೊಂಡು ಅಂಗಳಕ್ಕೆ ಹೋಗಿ, ಅದನ್ನು ಟ್ರ್ಯಾಕ್ಟರಿಗೆ ಹೊದಿಸಿ, ಗಾಳಿಗೆ ಹಾರದಂತೆ ಸುತ್ತಲೂ ಕಲ್ಲು ಹೇರಿದರು.