ಊರಿಗೆಲ್ಲ ಒದ್ದ ಕಾಲು

ನಾನು ಕಾಲು ಮುಂದಾಗಿ ಹುಟ್ಟಿದವಳು. ಇದನ್ನು ನಾನಾಗಿ ಯಾರಿಗೂ ಹೇಳುವ ಕಷ್ಟ ಬಂದಿಲ್ಲ, ನಮ್ಮ ಸುತ್ತಿನ ಹತ್ತು ಊರಿಗೂ ಗೊತ್ತು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟದ ಉಳುಕು ಹೋಗುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ತೆಂಗಿನ ಸೀಮೆಯಲ್ಲಿ ಸೊಂಟ ಉಳುಕದ ಗಂಡಸು ಎಲ್ಲಿದ್ದಾನೆ? ನೆಲಕ್ಕೆ ನೆಟ್ಟ ಸಲಾಕೆಯ ಮುಂದೆ ಬಗ್ಗಿ ಹೊತ್ತು ಮುಳುಗುವ ತನಕ ಕಾಯಿ ಸುಲಿಯುವವನು, ಅಟ್ಟಕ್ಕೆ ಕಾಯಿ ಹೊರುವವನು, ಲಾರಿಗೆ ಕೊಬ್ಬರಿ ಚೀಲ ಎತ್ತುವವನು, ಎಲ್ಲರೂ ಒಂದಲ್ಲ ಒಂದು ಭಾನುವಾರ ಬೆಳಿಗ್ಗೆ ನಮ್ಮ ಹೊಸ್ತಿಲ ಮುಂದೆ ಬೋರಲು ಬಿದ್ದವರೇ.

ಎಡಗಾಲಿನ ಹಿಮ್ಮಡಿಯನ್ನು ಮೂರು ಸಲ ಮುಟ್ಟಿಸಬೇಕು, ಮೂರನೆಯದು ಸ್ವಲ್ಪ ಜೋರು. ಒದೆಸಿಕೊಂಡವರು ಹಿಂದೆ ತಿರುಗಿ ನೋಡದೆ ಹೋಗಬೇಕು. ಈ ಕಟ್ಟಳೆ ಮಾಡಿದವರು ಬಹಳ ಬುದ್ಧಿವಂತರು. ವಾಸಿಯಾಗದವರು ಒಬ್ಬರೂ ತಿರುಗಿ ಬಂದು ನನಗೆ ಹೇಳಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ನಮ್ಮೂರ ಸ್ಕೂಲಿನ ಹೆಡ್‌ಮಾಸ್ತರಿಗೆ ಮೂರು ಸಲ ಒದ್ದಿದ್ದೇನೆ, ಅವರು ಎದ್ದು ಕೈಮುಗಿದು ಹೋಗಿದ್ದಾರೆ. ನಾಲ್ಕನೇ ಕ್ಲಾಸಿನವರಿಗೆ ಇಂಥ ಭಾಗ್ಯ ಎಲ್ಲಿ ಸಿಗುತ್ತದೆ?

ಇಂಥ ಕಾಲಿನವಳಿಗೆ ಮಗಳು ಒಬ್ಬಳೇ. ತುರುವೇಕೆರೆಗೆ ಕೊಟ್ಟಿದ್ದೇವೆ. ಅಳಿಯ ಬೋರ್‌ವೆಲ್ ಮೋಟರ್‌ಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದಾನೆ, ಪಕ್ಕದ ಮಳಿಗೆಯಲ್ಲಿ ಮಗಳು ಬ್ಲೌಸ್ ಹೊಲಿಯುತ್ತಾಳೆ. ಮದುವೆಯಾಗಿ ಐದು ವರ್ಷಕ್ಕೆ ಬಸಿರಾದಳು. ಏಳನೇ ತಿಂಗಳಲ್ಲಿ ಬಳೆ ತೊಡಿಸಿ ಮನೆಗೆ ಕರೆತಂದೆವು. ಬಂದ ಮೂರನೇ ದಿನಕ್ಕೆ ಸೊಂಟ ಹಿಡಿದುಕೊಂಡು ನಿಂತಳು.

“ಮಿಷಿನ್ ತುಳ್ದೂ ತುಳ್ದೂ ಹಿಂಗಾಗೈತೆ ಕಣವ್ವ. ಊರೋರಿಗೆಲ್ಲ ಒದೀತೀಯ, ಹೆತ್ತ ಮಗಳಿಗೆ ಒಂದು ಒದೆ ಇಲ್ವಾ?”

ಬೋರಲು ಮಲಗುವಂತಿರಲಿಲ್ಲ. ಗೋಡೆಗೆ ಕೈಕೊಟ್ಟು ನಿಂತಳು. ನಾನು ಕುರ್ಚಿಯ ಮೇಲೆ ಕೂತು, ಬೆಣ್ಣೆಗೆ ಬೆರಳು ತಾಗಿಸಿದ ಹಾಗೆ ಹಿಮ್ಮಡಿಯನ್ನು ಅವಳ ಸೊಂಟಕ್ಕೆ ಮೂರು ಸಲ ತಾಗಿಸಿದೆ. “ಆಹಾ, ಹೋಯ್ತು ಬುಡು” ಅಂದಳು. ನಾನು ಹಿಗ್ಗಿದೆ. ನಮ್ಮ ಯಜಮಾನರ ಮುಂದೆ ಎರಡು ದಿನ ಅದನ್ನೇ ಹೇಳಿಕೊಂಡು ಓಡಾಡಿದೆ.

ಎಂಟು ತಿಂಗಳು ತುಂಬಿದ ಮೇಲೆ ತಿಪಟೂರಿಗೆ ಸ್ಕ್ಯಾನಿಂಗ್‌ಗೆ ಹೋದೆವು. ಡಾಕ್ಟರಮ್ಮ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ರಿಪೋರ್ಟ್ ನೋಡಿ, “ಮಗು ಉಲ್ಟಾ ಇದೆ ಕಣಮ್ಮ. ಇಷ್ಟೊತ್ತಿಗೆ ತಲೆ ಕೆಳಗೆ ಬರಬೇಕಿತ್ತು. ಇನ್ನೂ ಮೇಲೇ ಇದೆ” ಅಂದಳು.

ನನ್ನ ಎಡಗಾಲು ಚಪ್ಪಲಿಯೊಳಗೇ ತಣ್ಣಗಾಯಿತು.

“ಗಾಬರಿ ಬೇಡ. ಕೆಲವು ಮಕ್ಕಳು ಇನ್ನೂ ತಿರುಗ್ತವೆ. ಎರಡು ವಾರ ನೋಡೋಣ. ತಿರುಗದಿದ್ದರೆ ಆಪರೇಷನ್. ಕೆಲವರಿಗೆ ನಾವೇ ಹೊರಗಿನಿಂದ ಕೈಯಲ್ಲಿ ತಿರುಗಿಸೋಕೆ ನೋಡ್ತೀವಿ. ನಿಮ್ಮ ಮಗಳಿಗೆ ಒಳಗೆ ನೀರು ಕಡಿಮೆ ಇದೆ, ಹಾಗಾಗಿ ಅದು ಬೇಡ. ಮನೇಲಿ ಯಾರೂ ಎಣ್ಣೆ ಹಚ್ಚಿ ಹೊಟ್ಟೆ ತಿರುವಬಾರದು, ಗೊತ್ತಾಯ್ತಾ? ನೀರು ಹೋದರೆ, ನೋವು ಬಂದರೆ, ಆ ಕ್ಷಣ ಕರ್ಕೊಂಡು ಬನ್ನಿ.”

ಹೂಂ ಅಂದೆ. ಎಣ್ಣೆ ಹಚ್ಚಬಾರದು ಅಂದಳೇ ಹೊರತು, ಒಂದು ತಿಂಗಳ ಹಿಂದೆ ಯಾರಾದರೂ ಒದ್ದಿದ್ದೀರಾ ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ಊರಿಗೆ ವಾಪಸ್ ಬರುವ ದಬ್ಬೇಘಟ್ಟದ ಬಸ್ಸಿನಲ್ಲಿ ಕೂತು ಮಗಳು ಕಿಟಕಿಯ ಕಡೆ ಮುಖ ಮಾಡಿದಳು, ನಾನು ನನ್ನ ಪಾದ ನೋಡಿಕೊಂಡು ಕೂತೆ. ಊರಿನ ನೋವನ್ನೆಲ್ಲ ಎಳೆದುಕೊಂಡ ಕಾಲು, ತನ್ನ ಗುಣವನ್ನು ನನ್ನ ಮಗಳ ಹೊಟ್ಟೆಗೆ ಇಳಿಸಿಬಿಟ್ಟಿತೇ? ಇನ್ನೇನಿರುತ್ತದೆ? ನನ್ನ ಲೆಕ್ಕಕ್ಕೆ ಅದು ಸೂರ್ಯನಷ್ಟು ಸ್ಪಷ್ಟವಾಗಿತ್ತು.

ಊರಲ್ಲಿ ಸುದ್ದಿ ಹರಡಲು ಒಂದು ಸಂಜೆ ಸಾಕಾಯಿತು. ಬಂದವರು ಅಳುಮೋರೆ ಹಾಕಿಕೊಂಡು ಬರುತ್ತಾರೆ ಅಂದುಕೊಂಡಿದ್ದೆ. ಅವರೆಲ್ಲ ಖುಷಿಯಾಗಿ ಬಂದರು!

ಮೊದಲು ಬಂದವನು ನಮ್ಮ ತೋಟದ ಕಾಯಿ ಸುಲಿಯುವವನು. ವರ್ಷಕ್ಕೆ ನಾಲ್ಕು ಸಲವಾದರೂ ನನ್ನಿಂದ ಒದೆಸಿಕೊಳ್ಳುವ ಗಿರಾಕಿ. ಜಗಲಿಯ ಮೇಲೆ ಕೂತು ಟವೆಲ್ ಕೊಡವಿದ.

“ಅಕ್ಕ, ಕಾಲು ಮುಂದಂತೆ? ಒಳ್ಳೇದೇ ಆಯ್ತು ಬುಡು. ನಿಂಗೂ ವಯಸ್ಸಾಯ್ತು, ಈಚೀಚೆಗೆ ಒದೆ ಮೊದಲಿನಂಗೆ ಬೀಳ್ತಿಲ್ಲ. ನೀನಾದ್ಮೇಕೆ ನಮ್ಗೆ ಯಾರು ಗತಿ ಅಂತಿದ್ದೆ. ಮನೇಲೇ ಇನ್ನೊಂದು ಕಾಲು ಹುಟ್ತಾ ಐತೆ.”

“ಥೂ, ನಿನ್ ಬಾಯಿಗೆ ಮಣ್ಣಾಕ. ನನ್ ಮಗಳು ಒಳಗೆ ಅಳ್ತಾ ಕೂತವ್ಳೆ ಕಣ್ಲಾ!”

“ಅಳೋದ್ಯಾಕೆ? ನಿಮ್ಮವ್ವ ನಿನ್ನ ಹೆರಲಿಲ್ವಾ?”

ಈ ಮಾತಿಗೆ ನನ್ನ ಹತ್ತಿರ ಉತ್ತರವಿತ್ತು. ಆದರೆ ಅದನ್ನು ಜಗಲಿಯಲ್ಲಿ ಹೇಳುವ ಹಾಗಿರಲಿಲ್ಲ.

ಅಳಿಯ ದಿನಾ ಸಂಜೆ ಬೈಕಿನಲ್ಲಿ ಬರುತ್ತಿದ್ದ. ಹೆಂಡತಿಯ ಹೊಟ್ಟೆ ನೋಡುವುದು, ನನ್ನ ಮುಖ ನೋಡುವುದು. “ಮೋಟರ್ ಉಲ್ಟಾ ತಿರುಗಿದ್ರೆ ಎರಡು ವೈರ್ ಅದಲು ಬದಲು ಮಾಡಿದ್ರೆ ಸರಿಹೋಗ್ತದೆ ಅತ್ತೆ. ಇದಕ್ಕೆ ವೈರ್ ಎಲ್ಲೈತೆ?” ಅಂದ. ತಮಾಷೆಗೆ ಹೇಳುತ್ತಿದ್ದಾನೆ ಅಂದುಕೊಂಡೆ. ಕಣ್ಣು ನೋಡಿದರೆ ತಮಾಷೆಯಲ್ಲ. ಎರಡು ರೊಟ್ಟಿ ಹಾಕಿದರೆ ಒಂದನ್ನು ಹಾಗೇ ಬಿಟ್ಟು ಏಳುತ್ತಿದ್ದ.

ಒಂದು ವಾರ ಕಳೆಯಿತು. ಕಾಯಿ ಸುಲಿಯುವವನು ಇನ್ನೊಂದು ಬುದ್ಧಿ ಹೇಳಿಹೋದ. ಕಾಲಿನಿಂದ ಬಂದದ್ದು ಕಾಲಿನಿಂದಲೇ ಹೋಗಬೇಕಂತೆ. ನಾನು ಒದ್ದ ವಿಷಯ ಅವನಿಗೆ ಗೊತ್ತಿರಲಿಲ್ಲ. ಸುಮ್ಮನೆ ಗಾದೆಯ ಹಾಗೆ ಅಂದ. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹಿಂದಿನಿಂದ ಮೂರು ಸಲ ಮುಟ್ಟಿಸಿದ್ದಕ್ಕೆ ಮಗು ಉಲ್ಟಾ ಆಗಿದ್ದರೆ, ಮುಂದಿನಿಂದ ಮೂರು ಸಲ ಮುಟ್ಟಿಸಿದರೆ ನೆಟ್ಟಗಾಗಬೇಡವೇ? ಡಾಕ್ಟರಮ್ಮ ಬೇಡ ಅಂದದ್ದು ಎಣ್ಣೆ ಮತ್ತು ಕೈ. ಕಾಲಿನ ಮಾತೇ ಎತ್ತಿರಲಿಲ್ಲವಲ್ಲ.

ಒಂದು ಮಧ್ಯಾಹ್ನ ಊಟ ಮಾಡಿ ಮಗಳು ನಡುಮನೆಯಲ್ಲಿ ಚಾಪೆಯ ಮೇಲೆ ಮಗ್ಗುಲಾಗಿ ನಿದ್ದೆ ಹೋಗಿದ್ದಳು. ಯಜಮಾನರು ತೋಟಕ್ಕೆ ಹೋಗಿದ್ದರು. ನಾನು ಕಂಬ ಹಿಡಿದುಕೊಂಡು, ಸೆರಗು ಸಿಕ್ಕಿಸಿ, ಎಡಗಾಲು ಎತ್ತಿದೆ. ಇಪ್ಪತ್ತೆಂಟು ವರ್ಷದ ಹಿಂದೆ ನಾನೇ ಹೆತ್ತವಳು. ಬೆವರಿನಿಂದ ಅವಳ ಕೂದಲು ಹಣೆಗೆ ಅಂಟಿಕೊಂಡಿತ್ತು. ಹಿಮ್ಮಡಿ ಅವಳ ಹೊಟ್ಟೆಗೆ ಒಂದು ಗೇಣು ದೂರವಿತ್ತು. ಅಷ್ಟರಲ್ಲಿ ಅವಳ ನೈಟಿಯ ಒಳಗಿಂದ ಹೊಟ್ಟೆ ಒಂದು ಕಡೆ ಮೊನೆಯಾಗಿ ಎದ್ದು, ಸರಿದು, ಮತ್ತೆ ಇಳಿಯಿತು. ನನಗಿಂತ ಮೊದಲು ಒಳಗಿನದು ಒದ್ದಿತ್ತು.

ಕಾಲು ಹಾಗೇ ಗಾಳಿಯಲ್ಲಿ ನಿಂತಿತು. ಮಗಳು ಕಣ್ಣುಬಿಟ್ಟಳು.

“ಅವ್ವ... ಏನ್ ಮಾಡ್ತಿದ್ದೀಯ?”

“ಇರುವೆ ಕಣೇ. ಇರುವೆ ಹೋಗ್ತಿತ್ತು. ತುಳ್ಯಾನ ಅಂತ.”

“ಒಂದು ಇರುವೆಗೆ ಕಂಬ ಹಿಡ್ಕೊಂಡು ನಿಂತಿದ್ದೀಯಾ?”

“ದೊಡ್ಡ ಇರುವೆ” ಅಂದೆ. ಅಡಿಗೆಮನೆಗೆ ಹೋಗಿ, ನೀರಿನ ಹಂಡೆ ಹಿಡಿದುಕೊಂಡು ಬಹಳ ಹೊತ್ತು ನಿಂತೆ. ಒಳಗೆ ಏನಾದರೂ ಆಗಿಬಿಟ್ಟಿದ್ದರೆ ಆ ಕಾಲನ್ನು ಎಲ್ಲಿ ಬಚ್ಚಿಡುತ್ತಿದ್ದೆ?

ಎರಡನೇ ವಾರಕ್ಕೆ ಮತ್ತೆ ತಿಪಟೂರಿಗೆ ಹೋದೆವು. ಮಗು ತಿರುಗಿರಲಿಲ್ಲ. ನಮ್ಮ ವಂಶದ ಹಟ, ಎಲ್ಲಿಗೆ ಹೋಗುತ್ತದೆ? ಡಾಕ್ಟರಮ್ಮ ಆಪರೇಷನ್‌ಗೆ ದಿನ ಗೊತ್ತುಮಾಡಿದಳು. ಮಗಳು ಪರೀಕ್ಷೆಗೆ ರಕ್ತ ಕೊಡಲು ಪಕ್ಕದ ಕೋಣೆಗೆ ಹೋದಾಗ ನಾನು ಬಾಗಿಲು ಮುಂದೆ ಮಾಡಿ ಹೇಳಿಯೇಬಿಟ್ಟೆ.

“ಡಾಕ್ಟರಮ್ಮ, ತಪ್ಪು ನಂದೇ. ನಾನು ಒದ್ದೆ.”

ಅವಳು ಪೆನ್ನು ಕೆಳಗಿಟ್ಟಳು. “ಯಾರನ್ನ?”

“ಮಗಳ್ನ.”

“ಬಸುರಿ ಹೆಂಗಸನ್ನ ಒದ್ರಾ? ಹೆತ್ತ ತಾಯಿ ನೀವು?” ಎದ್ದೇ ನಿಂತಳು. ಪೊಲೀಸರಿಗೆ ಫೋನ್ ಮಾಡುತ್ತಾಳೇನೋ ಅನ್ನಿಸಿತು. ನಾನು ಗಡಬಡಿಸಿ ಕುರ್ಚಿ, ಹಿಮ್ಮಡಿ, ಬೆಣ್ಣೆ, ಭಾನುವಾರ, ಹೆಡ್‌ಮಾಸ್ತರು ಎಲ್ಲವನ್ನೂ ಒಟ್ಟಿಗೆ ಹೇಳಿದೆ. ಅವಳಿಗೆ ನಗು ಬಂತು. ತಡೆದುಕೊಂಡಳು. ಆಮೇಲೆ ನಿಧಾನವಾಗಿ, ಚಿಕ್ಕ ಮಗುವಿಗೆ ಹೇಳುವ ಹಾಗೆ ಹೇಳಿದಳು: “ನೋಡೀಮ್ಮ, ಕೆಲವು ಮಕ್ಕಳು ತಿರುಗೋದಿಲ್ಲ, ಅಷ್ಟೇ. ನಿಮ್ಮ ಕಾಲಿಗೂ ಇದಕ್ಕೂ ಸಂಬಂಧ ಇಲ್ಲ. ಅಷ್ಟು ಶಕ್ತಿ ಇದ್ದಿದ್ರೆ ನಿಮ್ಮನ್ನ ಇಲ್ಲೇ ಕೆಲಸಕ್ಕೆ ಇಟ್ಕೋತಿದ್ದೆ.”

ಎದೆಯ ಮೇಲಿನ ಕಲ್ಲು ಇಳಿಯಿತು. ಸ್ವಲ್ಪ ಬೇಜಾರೂ ಆಯಿತು, ಸುಳ್ಳು ಯಾಕೆ ಹೇಳಲಿ. ಅಷ್ಟು ವರ್ಷದ ಹೆಸರು ಒಂದು ನಿಮಿಷದಲ್ಲಿ ಹೋಯಿತು.

ಅವಳು ಮತ್ತೆ ಪೆನ್ನು ತೆಗೆದುಕೊಂಡು, ಯೋಚನೆ ಬಂದವಳಂತೆ ಕೇಳಿದಳು: “ನೀವು ಕಾಲು ಮುಂದಾಗಿ ಹುಟ್ಟಿದ್ರಿ ಅಂದ್ರಲ್ಲ. ಆಗ ನಿಮ್ಮ ತಾಯಿಗೆ ಏನಾಯ್ತು?”

ನನ್ನ ಕಾಲಿಗೆ ಕೈಮುಗಿದವರು ಎಷ್ಟೋ ಜನ. ಆ ಕಾಲನ್ನು ಹೆತ್ತವಳ ಗತಿ ಏನಾಯಿತು ಎಂದು ಕೇಳಿದವಳು ಈ ಹುಡುಗಿ ಒಬ್ಬಳೇ. ನನ್ನ ಅವ್ವ ಎರಡು ಹಗಲು ಎರಡು ರಾತ್ರಿ ನರಳಿದಳಂತೆ. ಆರು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ, ಮತ್ತೆ ಬಸಿರಾಗಲಿಲ್ಲ. ಸಾಯುವ ತನಕ ನೀರಿನ ಕೊಡ ಎತ್ತಲು ಅವಳಿಂದ ಆಗಲಿಲ್ಲ. ಒದೆಸಿಕೊಳ್ಳಲು ಬಂದವರು ಜಗಲಿಯಲ್ಲಿ ಕೂತಿದ್ದರೆ, ಅವಳು ಗೋಡೆ ಹಿಡಿದುಕೊಂಡು ನಡೆದುಬಂದು ಅವರಿಗೆ ಮಜ್ಜಿಗೆ ಕೊಡುತ್ತಿದ್ದಳು. ಅವಳ ಸೊಂಟಕ್ಕೂ ನಾನು ಎಷ್ಟೋ ಸಲ ಒದ್ದಿದ್ದೆ. ಪ್ರತಿ ಸಲವೂ “ಹೋಯ್ತು ಮಗ” ಅನ್ನುತ್ತಿದ್ದಳು.

ಇಷ್ಟನ್ನೂ ಡಾಕ್ಟರಮ್ಮನಿಗೆ ಹೇಳಿದೆ. “ಅದಕ್ಕೇ ಆಪರೇಷನ್” ಅಂದಳು. ಮಗಳು ತೋಳಿಗೆ ಹತ್ತಿ ಒತ್ತಿಕೊಂಡು ಒಳಗೆ ಬಂದಳು.

ಆಪರೇಷನ್ ದಿನ ನಾನು, ಯಜಮಾನರು, ಅಳಿಯ ಮೂವರೂ ಬೆಂಚಿನ ಮೇಲೆ ಕೂತಿದ್ದೆವು. ಬಾಗಿಲು ತೆರೆದು ಡಾಕ್ಟರಮ್ಮ ಬಂದಳು. ನಾನು ಮೊದಲು “ನನ್ ಮಗಳು?” ಅಂದೆ. ಅಳಿಯ ಬಾಯಿ ತೆರೆದುಕೊಂಡೇ ಎದ್ದು ನಿಂತ. ನಮ್ಮ ಯಜಮಾನರು ಮಾತ್ರ ಊರಿನ ಪರವಾಗಿ ಕೇಳಿದರು: “ಕಾಲೇ ಮುಂದಾಗಿ ಬಂತಾ?”

“ತಾಯಿ ಚೆನ್ನಾಗಿದ್ದಾಳೆ, ಮಗು ಚೆನ್ನಾಗಿದೆ. ಹೆಣ್ಣು ಮಗು. ಕಾಲಲ್ಲ ಯಜಮಾನ್ರೇ, ಎರಡು ಕಾಲನ್ನೂ ಮುಖದ ಹತ್ತಿರ ಮಡಚಿಟ್ಕೊಂಡಿತ್ತು. ಮೊದಲು ಬಂದದ್ದು ಕುಂಡಿ.”

ಅಳಿಯ ಅಲ್ಲೇ ಅತ್ತುಬಿಟ್ಟ. ನಾನು ಅಳುತ್ತಾ ನಗುತ್ತಾ ನರ್ಸಮ್ಮನ ಕೈ ಹಿಡಿದುಕೊಂಡೆ, ಆ ತಾಯಿ ಯಾರೋ ಏನೋ. ನನ್ನ ಮೊಮ್ಮಗಳನ್ನು ಬಟ್ಟೆಯಲ್ಲಿ ಸುತ್ತಿ ತಂದು ಕೊಟ್ಟರು. ಎಂಥ ಮೂಗು! ಎಂಥ ಹಣೆ! ಬಟ್ಟೆ ಬಿಚ್ಚಿದರೆ ಎರಡು ಪಾದವೂ ಗಲ್ಲದ ಪಕ್ಕಕ್ಕೆ ಹೋಗಿ ಕೂರುತ್ತಿದ್ದವು, ಓಲೆ ಹಾಕಿಕೊಂಡ ಹಾಗೆ. ಇಂಥ ಚೆಲುವೆ ತಿಪಟೂರು ತಾಲ್ಲೂಕಿನಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದು ಅನುಮಾನ. ಆರು ವಾರಕ್ಕೆ ಮಗುವಿನ ಸೊಂಟದ ಕೀಲು ಪರೀಕ್ಷೆ ಮಾಡಿಸಬೇಕು ಎಂದು ಚೀಟಿ ಬರೆದುಕೊಟ್ಟರು. ನಮ್ಮ ಮನೆಯನ್ನು ಸೊಂಟದ ವಿಷಯ ಬಿಟ್ಟು ಹೋಗುವುದಿಲ್ಲ.

ಮಾರನೇ ದಿನ ಮಗಳಿಗೆ ಎಲ್ಲ ಹೇಳಿದೆ. ಇರುವೆಯ ಕಥೆಯನ್ನೂ ಬಿಡಲಿಲ್ಲ. ಅವಳು ಹೊಟ್ಟೆ ಹಿಡಿದುಕೊಂಡಳು.

“ನಗಿಸ್ಬೇಡ ಕಣವ್ವ, ಹೊಲಿಗೆ ಎಳೀತದೆ!” ಆಮೇಲೆ ಕಣ್ಣೊರೆಸಿಕೊಂಡು, “ಅವತ್ತು ನೀನು ಒದ್ದಾಗ ನೋವೇನೂ ಹೋಗಿರ್ಲಿಲ್ಲ. ನಿಂಗೆ ಬೇಜಾರಾದಾತು ಅಂತ ಹೋಯ್ತು ಅಂದೆ.”

ನನ್ನ ಅವ್ವನ ಮಾತು ನೆನಪಿಗೆ ಬಂತು. ನಾನು ಮಗುವಿನ ಕಡೆ ಮುಖ ತಿರುಗಿಸಿಕೊಂಡೆ.

ಮನೆಗೆ ಬಂದಮೇಲೆ ನೀರು ಹಾಕುವ ಕೆಲಸ ನನ್ನದು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಕಾಲು ಎರಡೂ ಚಾಚಿ, ಅವುಗಳ ಮೇಲೆ ಮೊಮ್ಮಗಳನ್ನು ಬೋರಲು ಮಲಗಿಸಿಕೊಂಡು ಬಿಸಿನೀರು ಹುಯ್ಯುತ್ತೇನೆ. ಊರಿಗೆಲ್ಲ ಒದ್ದ ಕಾಲಿನ ಮೇಲೆ ಅವಳು ಬೆಕ್ಕಿನ ಮರಿಯ ಹಾಗೆ ಮೈಚೆಲ್ಲಿ ಮಲಗುತ್ತಾಳೆ. ದಿನಾ ಬಗ್ಗಿ ಬಗ್ಗಿ ಒಂದು ಬೆಳಿಗ್ಗೆ ನನ್ನ ಸೊಂಟವೇ ಹಿಡಿದುಕೊಂಡಿತು. ಏಳಲಾರದೆ ನಡುಮನೆಯಲ್ಲಿ ಬಿದ್ದುಕೊಂಡೆ.

“ಈಗ ನಿಂಗೆ ಯಾರು ಒದ್ಯೋರು?” ಎಂದು ಯಜಮಾನರು ನಕ್ಕರು. ಮಗಳು ಮಗುವನ್ನು ಎತ್ತಿಕೊಂಡು ಬಂದು, ಅದರ ಪುಟ್ಟ ಪಾದವನ್ನು ನನ್ನ ಸೊಂಟಕ್ಕೆ ಮೂರು ಸಲ ತಾಗಿಸಿದಳು. ಹೋಯಿತು ಎಂದರೆ ಸುಳ್ಳು. ಹೋಗಲಿಲ್ಲ ಎಂದರೆ ಮಗುವಿಗೆ ಅವಮಾನ.

“ಹೋಯ್ತು ಮಗ” ಅಂದೆ.

ಇದನ್ನು ಊರಿಗೆ ಹೇಳದೆ ಯಜಮಾನರು ಸುಮ್ಮನಿರುವವರೇ? ಸಾಯಂಕಾಲಕ್ಕೆ ಕಾಯಿ ಸುಲಿಯುವವನು ಎಳನೀರಿನ ಗೊನೆ ಹೊತ್ತುಕೊಂಡು ಬಂದು, ಅದನ್ನು ಇಳಿಸಿ, ಹೊಸ್ತಿಲ ಮುಂದೆ ಬೋರಲು ಬಿದ್ದ.

“ಕುಂಡಿ ಮುಂದಾಗಿ ಬಂದ್ರೂ ನಡೀತದೆ ಅಕ್ಕ, ಕಾಲು ಕಾಲೇ. ತತ್ತಾ ಮಗೀನ.”

“ಮೊದ್ಲು ಬಾಣಂತಿ ಹೆಂಗವ್ಳೆ ಅಂತ ಕೇಳ್ಲಾ. ಅದನ್ನ ಕೇಳ್ದೇ ಇರೋರಿಗೆ ಈ ಮನೇಲಿ ಇನ್ಮೇಲೆ ಒದೆ ಇಲ್ಲ.”

ಅವನು ನೆಲದ ಮೇಲೆ ಮಲಗಿದ್ದಂತೆಯೇ ಕತ್ತು ಎತ್ತಿ, ಕೋಣೆಯ ಕಡೆಗೆ ಕೂಗಿ ಕೇಳಿದ: “ಹೆಂಗಿದ್ದೀಯವ್ವ?”

ಮಗಳು ಒಳಗಿಂದ, “ಚೆನ್ನಾಗಿವ್ನಿ ಕಣ್ಮಾವ. ಡಾಕ್ಟರಮ್ಮ ಹಾಕಿದ ಹೊಲಿಗೆ ಒಂಚೂರು ಸೊಟ್ಟ. ನಾನಾಗಿದ್ರೆ ನೆಟ್ಟಗೆ ಹಾಕ್ತಿದ್ದೆ” ಅಂದಳು.