ಇಮಾಮ್ ಬೀ ಅರೆದ ಚಿಕ್ಸಾ

ಶಿವಾಜಿನಗರದ ಮುಸಲ್ಮಾನರ ಮನೆಗಳಲ್ಲಿ ಹುಡುಗಿಗೆ ನಿಕಾಹ್ ಗೊತ್ತಾದರೆ, ಅಡುಗೆಯವರಿಗೆ ಹೇಳುವ ಮೊದಲೇ ಇಮಾಮ್ ಬೀಗೆ ಹೇಳಿ ಕಳಿಸುತ್ತಿದ್ದರು. ಚಿಕ್ಸಾ ಅರೆದುಕೊಡಬೇಕಲ್ಲ! ಚಿಕ್ಸಾ ಎಂದರೆ ಮದುಮಗಳ ಮುಖ, ಕೈಕಾಲಿಗೆ ಹಾಲಿನಲ್ಲಿ ಕಲಸಿ ಹಚ್ಚುವ ಘಮಘಮದ ಪುಡಿ. ಮದುವೆಗೆ ಮುಂಚಿನ ದಿನಗಳಲ್ಲಿ ಹುಡುಗಿಗೆ ಹಳದಿ ಬಟ್ಟೆ ತೊಡಿಸಿ ಮನೆಯೊಳಗೇ ಕೂರಿಸುತ್ತಾರೆ. ಅದು ಮಾಂಜಾ. ಆಗ ಮುಖಕ್ಕೆ ಸೋಪು ಸೋಕುವಂತಿಲ್ಲ. ಉಜ್ಜುವುದೂ ಚಿಕ್ಸಾ, ತೊಳೆಯುವುದೂ ಚಿಕ್ಸಾ.

ಇಮಾಮ್ ಬೀ ಕೋಲಾರದಿಂದ ಸೊಸೆಯಾಗಿ ಬಂದವಳು. ಅವಳ ಅತ್ತೆ ಚಿಕ್ಸಾಗೆ ಹೆಸರಾದ ಹೆಂಗಸು. ಕೊನೆಗಾಲದಲ್ಲಿ ಅತ್ತೆ ಬಾಗಿಲು ಹಾಕಿಸಿ, ಏನೇನು ಎಷ್ಟೆಷ್ಟು ಎಂದು ಕಿವಿಯಲ್ಲಿ ಹೇಳಿ, ಇನ್ನೊಂದು ಕಿವಿಗೆ ಬೀಳಬಾರದೆಂದು ಮಾತು ತೆಗೆದುಕೊಂಡಳಂತೆ. ಗಂಡ ಅರೆವಯಸ್ಸಿನಲ್ಲೇ ತೀರಿಕೊಂಡ. ಅಲ್ಲಿಂದ ಮುಂದೆ ಚಿಕ್ಸಾ ಅರೆಯುವ ಒರಳೇ ಇಮಾಮ್ ಬೀಗೆ ಹೆಸರು, ಮಾನ, ಅನ್ನ. ಅರೆಯುವಾಗ ಒಳಗಿನಿಂದ ಚಿಲಕ. ಸ್ವಂತ ಸೊಸೆ ಶೀಬಾಗೂ ಪ್ರವೇಶವಿಲ್ಲ.

ಗುಟ್ಟು ಕಾಯುವುದರಲ್ಲಿ ಆಕೆ ಬಲು ಗಟ್ಟಿಗಿತ್ತಿ. ಸಾಮಾನನ್ನೆಲ್ಲ ಒಂದೇ ಕಡೆ ಕೊಳ್ಳುತ್ತಿರಲಿಲ್ಲ. ಒಣ ಗುಲಾಬಿ ಮಾರ್ಕೆಟ್ಟಿನಲ್ಲಿ, ಕಡಲೆಬೇಳೆ ಮಿಲ್ಲಿನವನ ಹತ್ತಿರ, ಬೇರು ನಾರು ಮಾತ್ರ ಹಲಸೂರಿನ ನನ್ನ ಗ್ರಂಧಿಗೆ ಅಂಗಡಿಯಲ್ಲಿ. ಕಚೋರ, ಲಾವಂಚ, ಕಸ್ತೂರಿ ಅರಿಶಿನ ಕಟ್ಟಿಸಿಕೊಂಡು ಹೋಗುವಳು. ಬೇರೆ ದಿನ ಬಂದು ಏಲಕ್ಕಿಯ ಜೊತೆ ಚಕ್ಕೆ ಕೇಳುವಳು. ಬಿರಿಯಾನಿಗಿರಬೇಕು ಎಂದು ನಾನು ತೂಗಿ ಕೊಡುತ್ತಿದ್ದೆ.

ಆಕೆಯ ಚಿಕ್ಸಾಗೆ ಬೇರೆ ಯಾವ ಚಿಕ್ಸಾಗೂ ಇಲ್ಲದ ಒಂದು ಗುಣವಿತ್ತು. ಹಚ್ಚಿ ತೊಳೆದರೆ ಹುಡುಗಿಯ ಕೆನ್ನೆ ದಾಳಿಂಬೆ ಬಿಚ್ಚಿದ ಹಾಗೆ ಕೆಂಪೇರುತ್ತಿತ್ತು. "ಇಮಾಮ್ ಬೀ ಕೈ ಬಿದ್ರೆ ಮುಖಕ್ಕೆ ಕಳೆ ಬರುತ್ತೆ" ಎಂದು ಫ್ರೇಜರ್ ಟೌನಿನ ದೊಡ್ಡ ಮನೆಗಳವರೂ ಕಾರು ಕಳಿಸಿ ಕರೆಸುತ್ತಿದ್ದರು.

ಹೋದ ವರ್ಷ ವಕಾರ್, ವಾಜಿದಾ ದಂಪತಿಯ ಮಗಳು ರಿಮ್ಶಾಳ ಮದುವೆ. ಹುಡುಗಿ ಗರುಡಾಚಾರ್‌ಪಾಳ್ಯದ ಆಫೀಸೊಂದರಲ್ಲಿ ಕೆಲಸಕ್ಕಿದ್ದಳು. ಮೊದಲಿನಿಂದಲೂ ಮೊಡವೆಯ ಕಾಟ. ಚರ್ಮದ ಡಾಕ್ಟರು ಹೇಳಿದ ಒಂದೇ ಫೇಸ್‌ವಾಶ್ ಬಳಸಿ ಮುಖ ಹತೋಟಿಗೆ ಬಂದಿತ್ತು. ಮಾಂಜಾ ಕೂತ ದಿನ ವಾಜಿದಾ ಆ ಬಾಟಲಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು.

ಮೊದಲ ಸಂಜೆಯೇ ರಿಮ್ಶಾ, "ಉರೀತಿದೆ, ನಾನೀ" ಎಂದು ಅಜ್ಜಿಯಂಥ ಇಮಾಮ್ ಬೀಗೆ ಹೇಳಿದಳು.

"ಚುರುಚುರು ಅನ್ಲೇಬೇಕು ಬೇಟಿ. ಕಳೆ ಹಂಗೇ ಬರೋದು" ಎಂದು ಇಮಾಮ್ ಬೀ ಇನ್ನೊಂದು ಹಿಡಿ ಹಚ್ಚಿದಳು. ಸುತ್ತ ಕೂತ ಹೆಂಗಸರು ನಕ್ಕರು. "ಈಗ್ಲೇ ಹಿಂಗೆ ನುಲೀತಾಳೆ, ಅತ್ತೆ ಮನೇಲಿ ಏನ್ಮಾಡ್ತಾಳೋ!" ಎಂದು ಒಬ್ಬಳು ಕಿಚಾಯಿಸಿದಳು. ಹುಡುಗಿ ಸುಮ್ಮನಾದಳು. ಮರುದಿನವೂ ಹಚ್ಚಿದರು.

ಅದರ ಮಾರನೆಯ ಬೆಳಿಗ್ಗೆ ವಾಜಿದಾ ಇಮಾಮ್ ಬೀಯ ಮನೆ ಬಾಗಿಲಲ್ಲಿ ನಿಂತಿದ್ದಳು.

"ಖಾಲಾ, ರಿಮ್ಶಾಗೆ ಕಣ್ಣೇ ಬಿಡಕ್ಕಾಗ್ತಿಲ್ಲ. ಮುಖ ಎಲ್ಲಾ ಊದ್ಕೊಂಡು ನೀರು ಒಸರ್ತಿದೆ. ಶುಕ್ರವಾರ ಜುಮ್ಮಾ ದಿನ ನಿಕಾಹ್. ಪುಡೀಲಿ ಏನೇನಿದೆ ಅಂತ ಗೊತ್ತಾಗ್ದೆ ಔಷಧಿ ಹೆಂಗ್ ಕೊಡ್ಲಿ ಅಂತಾರೆ ಡಾಕ್ಟರು."

ಇಮಾಮ್ ಬೀಗೆ ರೇಗಿತು. "ನನ್ನ ಪುಡೀನಾ? ಇಷ್ಟು ಹುಡುಗೀರಿಗೆ ಹಚ್ಚಿದೀನಿ, ಒಬ್ಳಿಗಾದ್ರೂ ಏನಾದ್ರೂ ಆಗಿದೆಯಾ? ಆ ಬಾಟ್ಲಿ ಔಷಧೀನೇ ಚರ್ಮ ತಿಂದಿರೋದು. ತಗೊಂಬಾ ಅದನ್ನ."

ವಾಜಿದಾ ಅದನ್ನು ಚೀಲದಲ್ಲೇ ತಂದಿದ್ದಳು. ಶೀಬಾ ಕಲ್ಯಾಣ ನಗರದ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು. ಬಾಟಲಿ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದಳು.

"ಮೊದ್ಲು ನೀರು ಅಂತಿದೆ ಅಮ್ಮೀ. ಯಾವ್ದು ಜಾಸ್ತಿನೋ ಅದನ್ನ ಮೊದ್ಲು ಬರೀತಾರೆ."

"ನೀರು ಮಾರ್ತಾರಾ ಬಾಟ್ಲೀಲಿ? ಭೇಷ್!"

"ಆಮೇಲೆ ಗ್ಲಿಸರಿನ್, ಚರ್ಮ ಒಣಗದ ಹಾಗೆ ನೋಡ್ಕೊಳ್ಳುತ್ತೆ. ಇದು ಕೊಳೆ ತೆಗೆಯೋದು, ನೊರೆ ಕಮ್ಮಿ, ಸೋಪಿನಷ್ಟು ಖಾರ ಇಲ್ಲ. ಇದು ಕೆಡದೆ ಇರೋದಕ್ಕೆ."

"ವಾಸನೆಗೆ?"

"ವಾಸನೆಗೆ ಏನೂ ಹಾಕಿಲ್ಲ, ಬಣ್ಣಕ್ಕೂ ಇಲ್ಲ. ಅವಳ ಚರ್ಮ ತಡ್ಕೊಳ್ಳಲ್ಲ ಅಂತಾನೇ ಡಾಕ್ಟರು ಇದನ್ನ ಕೊಟ್ಟಿರೋದು." ಶೀಬಾ ಬಾಟಲಿ ಕೆಳಗಿಟ್ಟಳು. "ಇದ್ರದ್ದು ಬರೆದಿದಾರೆ, ಓದ್ದೆ. ನಿಮ್ಮದನ್ನ ನೀವೇ ಹೇಳ್ಬೇಕು."

ಇಮಾಮ್ ಬೀಯನ್ನು ಅತ್ತೆಗೆ ಕೊಟ್ಟ ಮಾತು ಒಂದು ಕಡೆ ಎಳೆಯುತ್ತಿತ್ತು. ಬಾಯಿಬಿಟ್ಟರೆ ನಾಳೆ ಪ್ರತಿ ಮನೆಯಲ್ಲೂ ಮಿಕ್ಸಿಯಲ್ಲಿ ತಿರುವಿಕೊಳ್ಳುತ್ತಾರೆ, ಇಮಾಮ್ ಬೀ ಯಾರಿಗೆ ಬೇಕು? ಬಿಡದಿದ್ದರೆ ಆ ಕೂಸಿನ ಮುಖ. ವಾಜಿದಾ ಬಾಗಿಲಿಗೆ ಒರಗಿ ನಿಂತೇ ಇದ್ದಳು, ಗದರಲೂ ಇಲ್ಲ, ಅಳಲೂ ಇಲ್ಲ.

ಕಡೆಗೆ ಇಮಾಮ್ ಬೀ ಒಂದೊಂದಾಗಿ ಹೇಳಿದಳು. ಕಡಲೆಹಿಟ್ಟು, ಕಸ್ತೂರಿ ಅರಿಶಿನ, ಕಚೋರ, ಲಾವಂಚ, ಗುಲಾಬಿ ದಳ, ಕಿತ್ತಳೆ ಸಿಪ್ಪೆ. ಹಲ್ಲು ಕಿತ್ತು ಕೊಟ್ಟ ಹಾಗೆ ಒಂದೊಂದು ಹೆಸರು. ಆಮೇಲೆ ತಡೆದು, "ಚಕ್ಕೆ" ಎಂದಳು.

"ಚಕ್ಕೆನಾ? ಅಡುಗೆ ಚಕ್ಕೆನಾ ಅಮ್ಮೀ?"

"ಅದೇ ಅತ್ತೆಯ ಗುಟ್ಟು. ಅದ್ರಿಂದ್ಲೇ ಕೆನ್ನೆ ಕೆಂಪಾಗೋದು."

ಶೀಬಾ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು. ಮಾತು ಮುಗಿದ ಮೇಲೂ ಫೋನು ಕೈಯಲ್ಲೇ ಹಿಡಿದಿದ್ದಳು. "ಬೇರೇದೂ ಕೆಲವರಿಗೆ ಆಗಲ್ವಂತೆ. ಆದ್ರೆ ಚಕ್ಕೆ ಚರ್ಮ ಸುಡುತ್ತಂತೆ ಅಮ್ಮೀ. ಆ ಕೆಂಪು ಕಳೆ ಅಲ್ವಂತೆ. ಉರಿ."

ಇಮಾಮ್ ಬೀ ನಂಬಲಿಲ್ಲ. ಅವಳ ಸ್ವಂತ ಮದುವೆಯಲ್ಲಿ ಕೋಲಾರದವರು ಬರೀ ಅರಿಶಿನ ಹಚ್ಚಿದ್ದರು, ಅತ್ತೆಯ ಚಿಕ್ಸಾ ಅವಳ ಮುಖಕ್ಕೆ ಯಾವತ್ತೂ ತಾಗಿರಲಿಲ್ಲ. ಎದ್ದು ಹೋಗಿ ಒಂದು ಕೆನ್ನೆಗೆ ಕಡಲೆಹಿಟ್ಟು, ಇನ್ನೊಂದಕ್ಕೆ ಚಕ್ಕೆಪುಡಿ ಹಾಲಿನಲ್ಲಿ ಕಲಸಿ ಹಚ್ಚಿಕೊಂಡು ಕೂತಳು. ಒಣಗಿದ ಮೇಲೆ ತೊಳೆದು ಕನ್ನಡಿ ನೋಡಿದಳು. ಕಡಲೆಹಿಟ್ಟಿನ ಕೆನ್ನೆ ಮುದುಕಿಯ ಕೆನ್ನೆಯೇ. ಚಕ್ಕೆಯ ಕೆನ್ನೆ ಮದುಮಗಳ ಹಾಗೆ ಕೆಂಪಾಗಿತ್ತು, ಕೆಂಡ ಇಟ್ಟ ಹಾಗೆ ಉರಿಯುತ್ತಿತ್ತು.

ಆ ಕೆನ್ನೆಯಲ್ಲೇ ಬುರ್ಖಾ ಹಾಕಿಕೊಂಡು ವಾಜಿದಾಳ ಮನೆಗೆ ನಡೆದಳು. ರಿಮ್ಶಾ ಮುಖಕ್ಕೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು. ಇಮಾಮ್ ಬೀ ಮಂಚದ ಪಕ್ಕ ನೆಲದ ಮೇಲೆ ಕೂತು, "ನೀನು ಉರೀತಿದೆ ಅಂದೆ. ನಾನು ಕೇಳ್ಲಿಲ್ಲ. ಮಾಫ್ ಮಾಡು ಬೇಟಿ" ಎಂದಳು.

ವಾಜಿದಾ ಹೇಳಿದಳು:

"ನನ್ನ ಮಾಂಜಾದಲ್ಲೂ ನೀವೇ ಹಚ್ಚಿದ್ದು ಖಾಲಾ. ನಾನೂ ಉರೀತಿದೆ ಅಂದಿದ್ದೆ. ಎಲ್ರೂ ಸುಮ್ನೆ ಕೂತ್ಕೋ ಅಂದ್ರು. ಕೂತ್ಕೊಂಡೆ. ಮೊನ್ನೆ ಇವ್ಳು ಅಂದಾಗ ನಾನೂ ನಕ್ಕೆ."

ಜುಮ್ಮಾ ದಿನ ನಿಕಾಹ್ ಆಯಿತು. ಊತ ಇಳಿದಿತ್ತು, ಕಲೆ ಉಳಿದಿತ್ತು. ಡಾಕ್ಟರು ಬೇಡವೆಂದದ್ದರಿಂದ ಮೇಕಪ್ಪಿಲ್ಲದೆ, ಸಿಪ್ಪೆ ಏಳುತ್ತಿದ್ದ ಮುಖದಲ್ಲೇ ರಿಮ್ಶಾ ಕೂತಳು. ಗಂಡಿನ ಕಡೆಯ ಹೆಂಗಸರು ಕಿವಿ ಕಚ್ಚಿಕೊಂಡರು. ಇಮಾಮ್ ಬೀ ಹೋಗಿದ್ದಳು, ಊಟಕ್ಕೆ ಕೂರದೆ ಬಂದಳು. ಮುಂದಿನ ತಿಂಗಳುಗಳಲ್ಲಿ ಅವಳು ಹೆದರಿದ್ದೇ ಆಯಿತು. ಚಿಕ್ಸಾದ ಗುಟ್ಟು ಬೀದಿಯೆಲ್ಲ ಹಬ್ಬಿತು, ಕರೆ ಬರುವುದು ಕಮ್ಮಿಯಾಯಿತು. ಬಂದವರಲ್ಲೂ ಕೆಲವರು ಹಳೆಯದೇ ಬೇಕು, ಕೆಂಪಾಗಬೇಕು ಎಂದು ಹಟ ಹಿಡಿದರು. ಅಂಥವರಿಗೆ ಆಕೆ ಅರೆದು ಕೊಡಲಿಲ್ಲ.

ಇದನ್ನೆಲ್ಲ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಆಕೆಯೇ ಹೇಳಿದ್ದು. "ಅತ್ತೆ ಮಾತು ಮುರಿದೆ ಅಣ್ಣಾ" ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಎಷ್ಟು ಹುಡುಗಿಯರು ಉರಿ ನುಂಗಿಕೊಂಡು ಕೂತರೋ ಎಂಬ ಮಾತು ಬಂದಾಗ ಮಾತ್ರ ಹರಿಯುತ್ತಿದ್ದ ಕಣ್ಣೀರನ್ನು ಒರೆಸಿಕೊಳ್ಳಲೂ ಇಲ್ಲ.

ಮೊನ್ನೆ ಹೊರಮಾವಿನ ಒಂದು ಮನೆಯಿಂದ ಕರೆ ಬಂದಿತ್ತು. ಜೊತೆಗೆ ಹೋಗಿದ್ದ ಶೀಬಾ ಹೇಳಿದಳು. ಇಮಾಮ್ ಬೀ ಕಡಲೆಹಿಟ್ಟು, ಹಾಲಿನ ಕೆನೆ ಕಲಸಿ ಹುಡುಗಿಯ ಮೊಣಕೈ ಒಳಮಗ್ಗುಲಿಗೆ ಒಂದು ಚೂರು ಹಚ್ಚಿ, ಸುತ್ತಲಿನ ಹಾಡು ನಿಲ್ಲಿಸಿ, "ಉರೀತಾ?" ಎಂದು ಕೇಳಿದಳಂತೆ. ಹುಡುಗಿ ತಾಯಿಯ ಕಡೆ ನೋಡಿದಳು.

"ಅಮ್ಮನ್ನ ನೋಡ್ಬೇಡ. ನಿನ್ನ ಚರ್ಮ, ನೀನೇ ಹೇಳು" ಎಂದು ಇಮಾಮ್ ಬೀ ಕೈ ತಡೆದು ಕಾಯುತ್ತ ಕೂತಳಂತೆ.