ಕುಡಿಯದವನ ಕೆಂಪು ಕಣ್ಣು

ಶಾಲೆಯ ಗೇಟಿನ ಕೂಲಿ ಇನ್ನೂ ಬಾಕಿ ಇದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಎದ್ದ ಗದ್ದಲದಲ್ಲಿ ಊರಿಗೆ ಊರೇ ಇದನ್ನು ಮರೆಯಿತು. ಬಾಕಿ ಇಟ್ಟವರು ಗದ್ದಲ ಏಳುವುದಕ್ಕೆ ಮುಂಚೆಯೇ ಮರೆತಿದ್ದರು. ಕಬ್ಬಿಣದ ದುಡ್ಡು ಕಬ್ಬಿಣದ ಅಂಗಡಿಗೆ ಸೇರಿತು, ಬಣ್ಣ ಬಳಿದವನಿಗೂ ಸಿಕ್ಕಿತು. ವೆಲ್ಡಿಂಗ್ ಮಾಡಿದವನಿಗೆ ಮಾತ್ರ ಮಗಳ ಫೀಸಿನಲ್ಲಿ ಮುರಿದುಕೊಳ್ಳೋಣ ಎಂದರು. ಫೀಸಿನಲ್ಲೂ ಮುರಿದುಕೊಳ್ಳಲಿಲ್ಲ.

ಅವನನ್ನು ಬೀದಿಯವರು ಕಿಡಿಯಣ್ಣ ಎನ್ನುತ್ತಾರೆ. ಟೈರ್ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ ಅವನ ತಗಡಿನ ಶೆಡ್ಡು. ಒಳಗೆ ಕಾಲಿಟ್ಟರೆ ಸುಟ್ಟ ಕಬ್ಬಿಣದ ವಾಸನೆ, ಗೋಡೆಗೆ ಒರಗಿಸಿದ ಅರ್ಧಂಬರ್ಧ ಕಿಟಕಿಗಳು, ಕುಂಟು ಕುರ್ಚಿಗಳು, ಯಾರೋ ರಿಪೇರಿಗೆ ಬಿಟ್ಟು ಮರಳಿ ಬಾರದ ಸೈಕಲ್ಲು. ಮಾತು ಕಡಿಮೆ, ಚಹಾಕ್ಕೆ ಸಕ್ಕರೆ ಜಾಸ್ತಿ. ಕುಡಿತದ ಸಹವಾಸ ಇಲ್ಲ. ಅದರ ಹಿಂದೆ ದೊಡ್ಡ ತತ್ವವೇನೂ ಇಲ್ಲ, ಹರೆಯದಲ್ಲಿ ಒಮ್ಮೆ ಮೂಸಿ ನೋಡಿದಾಗ ಹೊಟ್ಟೆ ತೊಳಸಿತ್ತು, ಅಷ್ಟೆ. ಹೊಲಿಗೆ ಮಷೀನಿನ ಮುಂದೆ ಬದುಕು ಸವೆಸುವ ಅವನ ಹೆಂಡತಿ ಕೊಡುವ ಕಾರಣ ಬೇರೆ: ಕುಡಿಯುವುದಕ್ಕೂ ನಾಲ್ಕು ಜನ ಸ್ನೇಹಿತರು ಬೇಕಲ್ಲ, ಇವರಿಗೆಲ್ಲಿದ್ದಾರೆ?

ಕಣ್ಣು ಮಾತ್ರ ಯಾವಾಗಲೂ ಕೆಂಪು. ವೆಲ್ಡಿಂಗಿನ ಬೆಳಕನ್ನು ಬರಿಗಣ್ಣಲ್ಲಿ ನೋಡಿದವರಿಗೆ ಗೊತ್ತು. ನೋಡಿದಾಗ ಏನೂ ಆಗುವುದಿಲ್ಲ. ಸಂಜೆಯ ಹೊತ್ತಿಗೆ ರೆಪ್ಪೆಯೊಳಗೆ ಮರಳು ಸುರಿದ ಹಾಗೆ ಉರಿ, ಮೂಗಿನ ಪಕ್ಕದಲ್ಲಿ ನೀರು ದಳದಳ. ಮಗಳು ಚಿಕ್ಕವಳಿದ್ದಾಗಿನಿಂದ ಆಲೂಗಡ್ಡೆಯನ್ನು ತೆಳ್ಳಗೆ ಹೆಚ್ಚಿ ಅಪ್ಪನ ಕಣ್ಣಿನ ಮೇಲಿಡುತ್ತಿದ್ದಳು. ಇಟ್ಟು, ಪಕ್ಕದಲ್ಲೇ ಕೂತು ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಎದ್ದು ಹೋಗುವಂತಿಲ್ಲವಲ್ಲ, ಹಾಗಾಗಿ ಅಪ್ಪನಿಗೂ ಅಷ್ಟಿಷ್ಟು ವಿಜ್ಞಾನ ಬಂತು.

ಅವಳು ಓದಿದ ಶಾಲೆ ಹೆಸರು ಮಾಡಿದ್ದು ದೊಡ್ಡ ಕಾಲೇಜುಗಳಿಗೆ ಮಕ್ಕಳನ್ನು ದಾಟಿಸುವುದರಲ್ಲಿ. ಸೀಟು ಸಿಕ್ಕಿದ ಸುದ್ದಿ ಕೇಳಿ ಮಕ್ಕಳು ಕುಣಿಯುವ, ತಾಯಂದಿರು ಅಳುವ ವಿಡಿಯೊ ಪ್ರತಿ ವರ್ಷ ಎಲ್ಲರ ಮೊಬೈಲಿಗೂ ಬರುತ್ತಿತ್ತು. ಶಾಲೆ ಕಟ್ಟಿದ ದೊಡ್ಡ ಮೇಷ್ಟ್ರು ಎದುರು ಬಂದರೆ ಜನ ಸ್ಕೂಟರ್ ನಿಲ್ಲಿಸಿ ಇಳಿಯುತ್ತಿದ್ದರು.

ಆ ವರ್ಷ ಶಾಲೆಗೆ ಮಂತ್ರಿ ಬರುವವರಿದ್ದರು. ಅದಕ್ಕೆ ಹೊಸ ಗೇಟು. ಮಂತ್ರಿ ಬರುವ ಹಿಂದಿನ ದಿನ ಕಿಡಿಯಣ್ಣ ಮುಖಕ್ಕೆ ಹಿಡಿಯುವ ಶೀಲ್ಡಿನ ಕಪ್ಪು ಗಾಜು ಬಿರುಕು ಬಿಟ್ಟಿತು. ಹೊಸದು ತರುತ್ತೇನೆಂದರೆ ಮೇಷ್ಟ್ರು ಬಿಡಲಿಲ್ಲ, ಹೊತ್ತು ಹೋಗುತ್ತದೆ ಎಂದರು. ಕಿಡಿಯಣ್ಣ ಮುಖ ಓರೆ ಮಾಡಿ, ಕಣ್ಣು ಮುಚ್ಚಿ ತೆರೆದು, ಕೈಯ ಅಂದಾಜಿನ ಮೇಲೆ ಉಳಿದ ಬೆಸುಗೆಯನ್ನೆಲ್ಲ ಎಳೆದ. ಮಂತ್ರಿ ಬಂದು ಹೋದ ಮೇಲೆ, ಮಗಳ ಕಾಲೇಜಿನ ವಿಷಯ ಮಾತಾಡಬೇಕೆಂದು ಮೇಷ್ಟ್ರು ಅವನನ್ನು ಕೋಣೆಗೆ ಕರೆದರು. ಕಣ್ಣು ಕೆಂಡದಂತಿತ್ತು, ಬಾಗಿಲಿನ ಚೌಕಟ್ಟು ಹಿಡಿದುಕೊಂಡೇ ಒಳಗೆ ಹೋದ.

"ಕಣ್ಣು ಯಾಕಪ್ಪಾ ಹೀಗೆ?"

"ನಿಮ್ಮ ಗೇಟು, ಸಾರ್."

ಮೇಷ್ಟ್ರು ನಕ್ಕರು. ಏನೋ ಹೊಳೆದವರ ಹಾಗೆ ಅವನ ಮುಖವನ್ನೇ ತುಸು ಹೊತ್ತು ನೋಡಿದರು. ಆಯ್ತು ಹೋಗು, ಮಗಳ ಚಿಂತೆ ನನಗಿರಲಿ ಎಂದರು. ಮಗಳಿಗೆ ದೂರದೂರಿನ ದೊಡ್ಡ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಫೀಸೂ ಮಾಫಿ. ಅವಳೂ ವಿಡಿಯೊದಲ್ಲಿ ಬಂದಳು. ಎಲ್ಲರೂ ಕುಣಿಯುವಾಗ ಅವಳು ಸುಮ್ಮನೆ ನಿಂತಿದ್ದಳು. ಅದನ್ನು ಆಗ ಯಾರೂ ಗಮನಿಸಲಿಲ್ಲ.

ಅವಳು ಕಾಲೇಜು ಸೇರಿದ ಮೇಲೆ ಪತ್ರಿಕೆಯಲ್ಲಿ ಸುದ್ದಿ ಒಡೆಯಿತು. ಶಾಲೆಯವರು ವರ್ಷಗಳಿಂದ ಮಕ್ಕಳ ಅಂಕ ತಿದ್ದಿದ್ದಾರೆ, ಗೆಲ್ಲದ ಪದಕ ಗೆಲ್ಲಿಸಿದ್ದಾರೆ, ಇಲ್ಲದ ಸಂಘಗಳಿಗೆ ಅಧ್ಯಕ್ಷರನ್ನಾಗಿ ಮಾಡಿದ್ದಾರೆ, ಮನೆಯ ಕಷ್ಟವನ್ನೂ ತಾವೇ ಹೆಣೆದು ಕಾಲೇಜುಗಳಿಗೆ ಕಳಿಸಿದ್ದಾರೆ ಎಂದು. ಊರು ಕಾದ ಎಣ್ಣೆಯಂತೆ ಸಿಡಿಯಿತು. ಶಾಲೆಯಲ್ಲಿ ಸೀಟು ಸಿಗದೆ ವಾಪಸಾದವರದ್ದೇ ದೊಡ್ಡ ಗಂಟಲು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವನು ಎದ್ದು ನಿಂತು ಭಾಷಣ ಮಾಡಿದ. ದುಡ್ಡಿರೋರು ಮಾಡಿದರೆ ಶಿಫಾರಸು, ಬಡವರ ಶಾಲೆ ಮಾಡಿದರೆ ಮೋಸವಾ ಎಂದು ಬಸ್ ಸ್ಟಾಪಿನಲ್ಲಿ ಒಬ್ಬಾಕೆ ಕೇಳಿದಳು; ಅದರಲ್ಲೂ ಸುಳ್ಳೇನಿಲ್ಲ. ಒಂದು ಬೆಳಗ್ಗೆ ಜನ ಗುಂಪುಗೂಡಿ ಗೇಟು ಹಿಡಿದು ಅಲ್ಲಾಡಿಸಿದರು. ಹೆಗಲು ಕೊಟ್ಟು ನೂಕಿದರು. ಗೇಟು ಜಪ್ಪಯ್ಯ ಎನ್ನಲಿಲ್ಲ. ಈ ಶಾಲೆಯಲ್ಲಿ ಗಟ್ಟಿಯಾಗಿರೋದು ಇದೊಂದೇ ಎಂದು ಕಾವಲುಗಾರ ಗೊಣಗಿದ. ಗುಂಪಿನ ಹಿಂದೆ ನಿಂತಿದ್ದ ಕಿಡಿಯಣ್ಣನಿಗೆ ಒಳಗೊಳಗೇ ಹೆಮ್ಮೆಯಾಯಿತು. ಆ ಹೆಮ್ಮೆ ಬಹಳ ದಿನ ಉಳಿಯಲಿಲ್ಲ.

ಪತ್ರಿಕೆಯವರು ಶಾಲೆ ಬರೆದುಕೊಟ್ಟ ಕಥೆಗಳನ್ನು ಹೆಸರು ಬಿಟ್ಟು ಅಚ್ಚು ಹಾಕಿದರು. ಒಂದರಲ್ಲಿ ಹೀಗಿತ್ತು: ತಂದೆ ವೆಲ್ಡಿಂಗ್ ಕೂಲಿ, ದಿನವೂ ಕುಡಿದು ಬರುತ್ತಾನೆ, ಹುಡುಗಿಗೂ ತಾಯಿಗೂ ಹೊಡೆಯುತ್ತಾನೆ, ಒಮ್ಮೆ ತಾಯಿಯ ಕೈ ಮುರಿದ, ಹುಡುಗಿ ಮನೆಯಿಂದ ಹೊರಬಿದ್ದು ಬೀದಿ ದೀಪದ ಕೆಳಗೆ ಓದಿದಳು. ಊರಲ್ಲಿ ಮಗಳನ್ನು ಆ ಶಾಲೆಗೆ ಹಾಕಿದ ವೆಲ್ಡರ್ ಒಬ್ಬನೇ.

ಹೆಂಡತಿ ಸುದ್ದಿ ಕೇಳಿ ಮಷೀನು ನಿಲ್ಲಿಸಿದಳು. "ಹೊಡೆಯೋ ಯೋಗ್ಯತೆ ಇದ್ದಿದ್ರೆ ಇಷ್ಟೊತ್ತಿಗೆ ಗೇಟಿನ ದುಡ್ಡು ವಸೂಲಿ ಮಾಡ್ಕೊಂಡು ಬರ್ತಿದ್ರಲ್ಲ," ಎಂದಳು. ಮತ್ತೆ, ಬೀದಿ ದೀಪ ಹಾಕಿಸಿ ಎಂದು ಅರ್ಜಿ ಕೊಟ್ಟು ಕೊಟ್ಟು ಸಾಕಾಯಿತು, ಮೇಷ್ಟ್ರಿಗೆ ಎಲ್ಲಿ ಕಂಡಿತಂತೆ ಎಂದಳು. ನಗಿಸಲು ಹೇಳಿದ ಮಾತು. ಹೇಳಿದ ಮೇಲೆ ಅವಳು ಅಂದು ಮಷೀನು ಮತ್ತೆ ತುಳಿಯಲಿಲ್ಲ.

ಬ್ರಾಂದಿ ಅಂಗಡಿಯವನು ಶೆಡ್ಡಿನ ತನಕ ಬಂದು ಕೇಳಿದ. "ಅಲ್ಲಯ್ಯಾ, ನನ್ನ ಅಂಗಡಿ ಬಿಟ್ಟು ಯಾರ ಅಂಗಡೀಲಿ ಕುಡೀತೀಯ? ನನಗೂ ಮಾನ ಮರ್ಯಾದೆ ಬೇಡ್ವಾ?" ಇಬ್ಬರೂ ನಕ್ಕರು. ಊರಲ್ಲಿ ಕಿಡಿಯಣ್ಣನ ಜೊತೆ ನಕ್ಕವನು ಅವನೊಬ್ಬನೇ. ಮಿಕ್ಕವರು ಕನಿಕರ ತೋರಿಸತೊಡಗಿದರು. ಗಿರಾಕಿಗಳು ಕೂಲಿಯನ್ನು ಅವನ ಕೈಗೆ ಕೊಡುವುದು ಬಿಟ್ಟು, ಮನೆಗೆ ಹೋಗಿ ಹೆಂಡತಿಯ ಕೈಗೆ ಕೊಟ್ಟು ಬರತೊಡಗಿದರು.

ಇದೇ ಹೊತ್ತಿಗೆ ಕಬ್ಬಿಣದ ಅಂಗಡಿ ಯಜಮಾನರ ಮಗನಿಗೆ ಶಾಲೆ ಬರೆದುಕೊಟ್ಟ ಈಜಿನ ಪದಕದ ಮೇಲೂ ಮಾತು ನಡೆದಿತ್ತು. ಆ ಹುಡುಗ ಬಕೆಟ್ಟಿನ ನೀರಿಗೂ ಹೆದರುವವನು. ಆದರೂ ಜನ ಎಷ್ಟು ನ್ಯಾಯವಾಗಿ ವಿಚಾರಿಸಿದರು ನೋಡಿ: ಯಾವ ಕೊಳ, ಯಾವ ವರ್ಷ, ಎರಡನೇ ಸ್ಥಾನ ಯಾರಿಗೆ, ಪೂರ್ತಿ ತಿಳಿಯದೆ ಹುಡುಗನ ಹೆಸರು ಕೆಡಿಸಬಾರದು. ಕಿಡಿಯಣ್ಣನ ಕುಡಿತದ ಬಗ್ಗೆ ಯಾವ ಅಂಗಡಿ, ಯಾವ ದಿನ, ಕಂಡವರು ಯಾರು ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ಮೇಷ್ಟ್ರು ಹೇಳಿದ್ದೆಲ್ಲ ಸುಳ್ಳು ಎಂದು ಗೇಟು ಅಲ್ಲಾಡಿಸಿದ ಜನವೇ ಇದೊಂದನ್ನು ಮಾತ್ರ ನಿಜ ಎಂದು ಇಟ್ಟುಕೊಂಡಿತು. ಕೂಲಿಯವನು, ಕಣ್ಣು ಕೆಂಪು. ಇನ್ನೇನು ಬೇಕು?

ಕಾಲೇಜಿನವರು ಕಿಡಿಯಣ್ಣನ ಮಗಳನ್ನು ಮತ್ತೆ ಪರೀಕ್ಷೆಗೆ ಕೂರಿಸಿದರು. ಶಾಲೆ ಬರೆದ ಅಂಕಕ್ಕಿಂತ ಹೆಚ್ಚೇ ಬಂತು. ಅಲ್ಲಿಗೆ ಅವಳ ಓದು ಗಟ್ಟಿ ಎಂದಾಯಿತು. ಆದರೆ ಅರ್ಜಿಯಲ್ಲಿ ಬೇರೇನಾದರೂ ಸುಳ್ಳು ಸಾಬೀತಾದರೆ ಸೀಟು ರದ್ದು, ವಿಚಾರಣೆಗೆ ಊರಿಗೇ ಬರುತ್ತೇವೆ ಎಂದರು.

ಆಗ ಬಂದರು ಕಬ್ಬಿಣದ ಅಂಗಡಿ ಯಜಮಾನರು, ಪೋಷಕರ ಸಂಘಕ್ಕೂ ಅವರೇ ಯಜಮಾನರು. ಯಾವತ್ತೂ ಶೆಡ್ಡಿನೊಳಗೆ ಕಾಲಿಡದವರು ಅಂದು ಕುಂಟು ಕುರ್ಚಿಯಲ್ಲೇ ಕೂತರು.

"ನೋಡು ಕಿಡಿಯಣ್ಣ, ನೀನು ಒಂದನ್ನ ಸುಳ್ಳು ಅಂದ್ರೆ ಅವರು ಎಲ್ಲಾನೂ ಕೆದಕ್ತಾರೆ. ನಿನ್ನ ಮಗಳ ಸೀಟೂ ಹೋಗುತ್ತೆ, ನಮ್ಮ ಮಕ್ಕಳದ್ದೂ ಹೋಗುತ್ತೆ. ಕುಡೀತಿದ್ದೆ ಅಂತ ತಲೆ ಆಡಿಸಿಬಿಡು. ನಿನ್ನ ಗಂಟೇನು ಹೋಗುತ್ತೆ?"

"ನಿಮ್ಮ ಹುಡುಗ ಈಜ್ತಾನಾ ಯಜಮಾನ್ರೇ?"

"ಕಲೀತಿದ್ದಾನೆ."

ಅವರು ಹೋದ ಮೇಲೆ ಕಿಡಿಯಣ್ಣ ಮಗಳಿಗೆ ಫೋನ್ ಮಾಡಿದ. ಪತ್ರಿಕೆಯ ಕಥೆಯ ಮಾತೆತ್ತಿದ. ಅವಳು, "ಅಪ್ಪಾ, ನಂಗೆ ಗೊತ್ತಿತ್ತು," ಎಂದಳು. ಮೇಷ್ಟ್ರು ತಾವೇ ಬರೆದು, ಕಾಲೇಜಿನವರು ಕೇಳಿದಾಗ ತಡವರಿಸಬಾರದೆಂದು ಅವಳಿಂದ ಮತ್ತೆ ಮತ್ತೆ ಗಟ್ಟಿಯಾಗಿ ಓದಿಸಿದರಂತೆ. ಹೀಗೆಲ್ಲ ಇಲ್ಲ ಸಾರ್ ಎಂದದ್ದಕ್ಕೆ, ನಿನ್ನಷ್ಟು ಅಂಕ ಇರುವವರು ಬೀದಿಗೊಬ್ಬರಿದ್ದಾರೆ, ಅಳಿಸುವ ಕಥೆ ಇದ್ದವರಿಗೇ ಸೀಟು ಎಂದರಂತೆ.

ಕಿಡಿಯಣ್ಣ ಶೆಡ್ಡಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಗಿರಣಿಯ ಸದ್ದಿನಲ್ಲಿ ತನ್ನ ದನಿ ತನಗೇ ಕೇಳಲಿಲ್ಲ.

"ಓದೋವಾಗ ನಾನು ನೆನಪಾದ್ನಾ?"

"ಆದೆ. ಅದಕ್ಕೇ ಅಳು ಬಂತು. ಚೆನ್ನಾಗಿ ಓದಿದೆ ಅಂದ್ರು."

ಸೀಟು ಹೋದರೆ ಹೋಗಲಿ, ನೀನು ನಿಜ ಹೇಳಿಬಿಡು ಎಂದಳು. ನೀನು ಸುಮ್ಮನೆ ಓದಿಕೋ ಎಂದು ಇವನು ಫೋನ್ ಇಟ್ಟ. ತಲೆ ಆಡಿಸಿಬಿಡುವುದೆಂದು ಅಲ್ಲೇ ತೀರ್ಮಾನಿಸಿದ. ಹೆಸರು ಹೋಗಿದ್ದು ಹೋಯಿತು, ಸೀಟಾದರೂ ಉಳಿಯಲಿ.

ವಿಚಾರಣೆ ನಡೆದದ್ದು ಶಾಲೆಯ ಸಭಾಂಗಣದಲ್ಲಿ. ಹೆಂಡತಿ ಅವನಿಗೆ ಇಸ್ತ್ರಿ ಅಂಗಿ ತೊಡಿಸಿದಳು, ಬೆಳಗ್ಗೆಯಿಂದ ತಣ್ಣೀರ ಬಟ್ಟೆ ಕಣ್ಣಿಗಿಟ್ಟಳು. ನಿದ್ದೆಗೆಟ್ಟ ಕಣ್ಣು ಇನ್ನಷ್ಟು ಕೆಂಪಾಯಿತು. ತಾನೇ ಮಾಡಿದ ಗೇಟು ದಾಟಿ ಒಳಗೆ ಹೋಗುವಾಗ ಸಾಲಾಗಿ ನಿಂತವರು ಮೂಗು ಮುಂದೆ ಚಾಚಿ ಮೂಸಿದರು. ಇವತ್ತೂ ಹಾಕ್ಕೊಂಡೇ ಬಂದಿದ್ದಾನೆ ನೋಡು ಎಂದು ಯಾರೋ ಅಂದರು. ಅವನು ತಿರುಗಲಿಲ್ಲ, ಹೆಂಡತಿ ತಿರುಗಿ ನೋಡಿದಳು.

ಮೇಜಿನ ಹಿಂದೆ ಕಾಲೇಜಿನ ಅಧಿಕಾರಿ ಮೇಡಂ ಇದ್ದರು. ಒಳ್ಳೆಯ ಹೆಂಗಸು. ಬೈಯಲಿಲ್ಲ, ಗದರಿಸಲಿಲ್ಲ. ಕೂರಿಸಿ, ನೀರು ಕೊಡಿಸಿ, ದನಿ ತಗ್ಗಿಸಿದರು. ಇದೂ ಒಂದು ಕಾಯಿಲೆಯಷ್ಟೇ, ನಾಚಿಕೆ ಪಡಬೇಡಿ ಎಂದರು. ಕಿಡಿಯಣ್ಣ ನೆಲ ನೋಡಿದ. ತಲೆ ಆಡಿಸಲು ಕತ್ತು ಬಗ್ಗಿಸಿಯೂ ಇದ್ದ. ಯಜಮಾನರು ಮೊದಲ ಸಾಲಿನಲ್ಲಿ ಉಸಿರು ಹಿಡಿದು ಕೂತಿದ್ದರು.

"ಈಗ ಮಗಳ ಮೇಲೆ ಕೈ ಮಾಡ್ತಿಲ್ಲ, ಅಲ್ವಾ?" ಎಂದು ಮೇಡಂ ಕೇಳಿದರು.

ಕುಡಿತವನ್ನಾದರೆ ಒಪ್ಪಿಕೊಳ್ಳುತ್ತಿದ್ದ. ಇದಕ್ಕೆ ಕತ್ತು ಆಡಲಿಲ್ಲ.

"ಮೇಡಂ, ನಾನು ಯಾವತ್ತೂ ಅವಳನ್ನ ಹೊಡೆದಿಲ್ಲ. ಕುಡಿಯೋದೂ ಇಲ್ಲ."

"ಬಿಟ್ಟಿದ್ದೀರಾ? ಬಹಳ ಸಂತೋಷ."

"ಶುರುವೇ ಮಾಡಿಲ್ಲ."

ಸಭಾಂಗಣದಲ್ಲಿ ನಗೆ ಎದ್ದಿತು. ಮೇಡಂ ಕೈಯೆತ್ತಿ ಸುಮ್ಮನಿರಿಸಿದರು, ಅವನ ಕಣ್ಣನ್ನೇ ನೋಡಿದರು, ಏನೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಕಿಟಕಿಯಿಂದ ಕಾಣುತ್ತಿತ್ತು, ಬಣ್ಣ ಬಳಿದ ಗೇಟಾಗಿ ನಿಂತಿತ್ತು. ಹೆಂಡತಿ ಎದ್ದು ಎರಡೂ ಕೈಗಳನ್ನು ಮೇಜಿನ ಮೇಲೆ ಊರಿದಳು. ಮುರಿದದ್ದು ಯಾವುದು ಹೇಳಿ, ಇವೇ ಕೈಯಲ್ಲಿ ಅರ್ಧ ಊರಿನ ಬಟ್ಟೆ ಹೊಲಿದಿದ್ದೇನೆ ಎಂದಳು. ಪಾಪ, ಗಂಡನನ್ನು ಬಿಟ್ಟುಕೊಡುವುದಿಲ್ಲ ಎಂದು ಹಿಂದಿನ ಸಾಲಿನವರು ಮರುಗಿದರು. ಬ್ರಾಂದಿ ಅಂಗಡಿಯವನು ಕರೆಯದಿದ್ದರೂ ಎದ್ದು, ಎಲ್ಲರೂ ಇವನ ಹಾಗಾದರೆ ನಾನು ಬಾಗಿಲು ಹಾಕಬೇಕು ಸ್ವಾಮಿ ಎಂದ. ಗಿರಾಕಿಯನ್ನು ಕಾಪಾಡುತ್ತಿದ್ದಾನೆ ಎಂದು ಮತ್ತೆ ನಕ್ಕರು.

ತಂದೆ ನಿರಾಕರಿಸುತ್ತಾರೆ, ಇಂಥ ಸಂದರ್ಭದಲ್ಲಿ ಅದು ಸಹಜ ಎಂದು ಮೇಡಂ ತೀರ್ಮಾನ ಬರೆದರು. ಮನೆಯ ಸಂಗತಿ ನಿಜವೆಂದು ಹಿಡಿದು ಸೀಟು ಉಳಿಸಿದರು. ಮಗಳ ಸೀಟು ಹೋದರೂ ಸರಿ ಎಂದು ಎದೆ ಗಟ್ಟಿ ಮಾಡಿ ಆಡಿದ ನಿಜವನ್ನು ಆ ಸಭಾಂಗಣದಲ್ಲಿ ಯಾರೂ ಕೊಳ್ಳಲಿಲ್ಲ.

ಮಗಳು ಬಿಡಲಿಲ್ಲ. ನಾನು ಹೇಳಿದ್ದು ಸುಳ್ಳು, ನನ್ನ ಅಪ್ಪ ಕುಡಿಯುವುದಿಲ್ಲ, ಸೀಟು ಬೇಕಿದ್ದರೆ ತೆಗೆದುಕೊಳ್ಳಿ ಎಂದು ಕಾಲೇಜಿಗೆ ತಾನೇ ಬರೆದುಕೊಟ್ಟಳು. ಅಂಥ ಮನೆಯ ಮಕ್ಕಳು ಅಪ್ಪನ ತಪ್ಪು ಮುಚ್ಚಿಡುವುದು ಸಾಮಾನ್ಯ, ನೀನು ಧೈರ್ಯವಾಗಿರು ಎಂದು ಉತ್ತರ ಬಂತು. ಓದಿ ಅಪ್ಪನಿಗೆ ಫೋನ್ ಮಾಡಿದಾಗ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಪ್ಪ, ಊಟ ಆಯ್ತಾ ಎಂದು ಕೇಳಿದ.

ಯಜಮಾನರ ಮಗನ ಪದಕ ಹೊಡೆದುಹಾಕಿದರು. ಹುಡುಗ ಬೇರೆ ಕಾಲೇಜು ಸೇರಿದ, ಊರು ಮರೆಯಿತು. ಮೇಷ್ಟ್ರು ಮತ್ತೊಂದು ಊರಲ್ಲಿ ಮತ್ತೊಂದು ಶಾಲೆ ನಡೆಸುತ್ತಿದ್ದಾರೆ. ಇಲ್ಲಿಯ ಶಾಲೆಗೆ ಹೊಸ ಬೋರ್ಡು ಬಂದಿದೆ, ಗೇಟು ಅದೇ. ಕುಡಿತ ಬಿಟ್ಟವರ ಸಭೆಯೊಂದಕ್ಕೆ ಕಿಡಿಯಣ್ಣನನ್ನು ಭಾಷಣಕ್ಕೆ ಕರೆದಿದ್ದರು. ಬರುವುದಿಲ್ಲ ಎಂದದ್ದಕ್ಕೆ, ಇನ್ನೂ ಪೂರ್ತಿ ಬಿಟ್ಟಿಲ್ಲ ಅಂತ ಕಾಣುತ್ತೆ ಎಂದುಕೊಂಡು ಹೋದರು.

ಅವನು ಈಗಲೂ ಅದೇ ಶೆಡ್ಡಿನಲ್ಲಿ ಕೂತು ಇನ್ನೊಬ್ಬರ ಕಿಟಕಿಗೆ ಸರಳು ಕೂರಿಸುತ್ತಿದ್ದಾನೆ. ಗಾಜು ಹೊಸದು, ಕಣ್ಣು ಹಳೆಯದೇ. ಈಗ ಊರವರೇ, ನಿಮ್ಮ ವಿಷಯಕ್ಕೆ ಬರೋಣ. ಪತ್ರಿಕೆಯಲ್ಲಿ ಆ ಕಥೆ ಓದಿ ಅಯ್ಯೋ ಎಂದವರಲ್ಲಿ ನೀವೂ ಇದ್ದಿರಿ. ಪದಕಕ್ಕೆ ಸಾಕ್ಷಿ ಕೇಳಿದಿರಿ, ಅವನ ಕುಡಿತಕ್ಕೆ ಕೇಳಲಿಲ್ಲ. ಕನಿಕರ ಬೇಡ, ಅದು ಅವನ ಬಳಿ ಬೇಕಾದಷ್ಟು ಬಿದ್ದಿದೆ. ನಾಲ್ಕು ಜನ ಕೇಳುವ ಹಾಗೆ ಆ ಶೆಡ್ಡಿನ ಮುಂದೆ ನಿಂತು, ನಾವು ನಂಬಿದ್ದು ಸುಳ್ಳು ಎಂದು ಹೇಳಿ. ಅವನನ್ನೂ ಕರೆದುಕೊಂಡು ಶಾಲೆಗೆ ನಡೆಯಿರಿ. ಅಂದು ಅಲ್ಲಾಡಿಸಲು ಹಿಡಿದ ಅದೇ ಗೇಟು ಹಿಡಿದು ನಿಲ್ಲಿ, ಇದರ ಕೂಲಿ ಕೊಡಿ ಎಂದು ಕೇಳಿ. ಕೊಡುವ ತನಕ ಕೈ ಬಿಡಬೇಡಿ.